ತುಂಬಿಸಿ ನೋಡದ ಕಾರ್ಡು

“ಈ ಸಲ ನೀನು ಆರಿಸಬೇಡ ಕಣೋ. ನಾನೇ ಆರಿಸ್ತೀನಿ,” ಎಂದಳು ಅಕ್ಕ, ನನ್ನ ರಿಪೇರಿ ಅಂಗಡಿಯ ಒಂದೇ ಒಂದು ಗಟ್ಟಿ ಕುರ್ಚಿಯನ್ನು ಎಳೆದುಕೊಂಡು ಕೂರುತ್ತಾ.

ಮೇಜಿನ ಮೇಲೆ ನಾಲ್ಕು ಮೆಮೊರಿ ಕಾರ್ಡುಗಳನ್ನು ಸಾಲಾಗಿಟ್ಟೆ. ಒಂದೊಂದೂ ಹೆಬ್ಬೆರಳಿನ ಉಗುರಿಗಿಂತ ಚಿಕ್ಕದು. ಅಕ್ಕ ಕನ್ನಡಕವನ್ನು ಮೂಗಿನ ತುದಿಗೆ ಜಾರಿಸಿ ಬಗ್ಗಿದಳು.

“ಇದರ ಮೇಲೆ ದೊಡ್ಡ ನಂಬರಿದೆಯಲ್ಲ?”

“ಅದು ಎಷ್ಟು ಹಿಡಿಸುತ್ತೆ ಅನ್ನೋದು.”

“ಇದರ ಮೇಲೆ ಎ ಒಂದು ಅಂತಿದೆ.”

“ಚಿಕ್ಕಪುಟ್ಟ ಕೆಲಸಗಳನ್ನ ಚುರುಕಾಗಿ ಮಾಡುತ್ತೆ ಅಂತ. ಭಾವನ ಪೆಟ್ಟಿಗೆಯೊಳಗಿನ ಪುಟ್ಟ ಕಂಪ್ಯೂಟರಿಗೆ ಅಂಥದ್ದೇ ಬೇಕು.”

“ಸುಳ್ಳು ಹೇಳಲ್ಲ ಅಂತ ಯಾವುದರ ಮೇಲೆ ಬರೆದಿದ್ದಾರೆ?”

ಅಕ್ಕ ಮೊದಲಿನಿಂದಲೂ ಹೀಗೆಯೇ. ನಗುನಗುತ್ತಲೇ ಚುಚ್ಚುತ್ತಾಳೆ. ಚುಚ್ಚಿದ್ದು ಗೊತ್ತಾಗುವಷ್ಟರಲ್ಲಿ ಬೇರೆ ಮಾತಿಗೆ ಹೋಗಿರುತ್ತಾಳೆ.

ಭಾವ ದರ್ಜಿ. ಅವರ ಅಂಗಡಿಗೆ ಅರ್ಧ ಜನ ಬಟ್ಟೆ ಹೊಲಿಸಲು ಬರುತ್ತಿದ್ದರು, ಇನ್ನರ್ಧ ಜನ ಅವರ ಮಾತು ಕೇಳಲು. ಅಳತೆ ಹಿಡಿಯುತ್ತಲೇ ಕಾಲೆಳೆಯುವರು. “ಸ್ವಾಮೀ, ಹೋದ ವರ್ಷಕ್ಕೂ ಈ ವರ್ಷಕ್ಕೂ ನಿಮ್ಮ ಸೊಂಟಕ್ಕೇನೋ ಬಡ್ತಿ ಸಿಕ್ಕಿದೆ” ಎನ್ನುವರು. ಬಂದವರೂ ಹೊಟ್ಟೆ ಹಿಡಿದುಕೊಂಡು ನಗುವರು. ಅಂಥವರ ಗಂಟಲಲ್ಲಿ ಗೆಡ್ಡೆ ಬೆಳೆಯಿತು. ಡಾಕ್ಟರು ಸುತ್ತಿಬಳಸದೆ ಹೇಳಿದರು: ಆಪರೇಷನ್ ಮಾಡಿದರೆ ಜೀವ ಉಳಿಯುತ್ತದೆ, ದನಿ ಉಳಿಯುವುದಿಲ್ಲ. ತಾರೀಕಿಗೆ ಹನ್ನೊಂದು ದಿನವಿತ್ತು.

ಆ ದನಿಯನ್ನು ಹಿಡಿದಿಡೋಣ ಅಂದವನು ನಾನೇ. ಅಂಗೈಯಗಲದ ಕಂಪ್ಯೂಟರ್ ಬೋರ್ಡು, ಅದಕ್ಕೊಂದು ಮೈಕು, ಎರಡನ್ನೂ ಬಟ್ಟೆ ಕತ್ತರಿಸುವ ಮೇಜಿನ ಮೇಲ್ಗಡೆ ಹಲಗೆಗೆ ಕಟ್ಟಿದೆ. ಬೆಳಗ್ಗೆ ಬಾಗಿಲು ತೆಗೆದಾಗಿನಿಂದ ಮುಚ್ಚುವವರೆಗೆ ಎಲ್ಲ ಮಾತೂ ಅದರಲ್ಲಿ ಇಳಿಯಬೇಕು. ಆಗ ನನ್ನ ಬಳಿ ಎರಡು ಕಾರ್ಡುಗಳಿದ್ದವು. ಒಂದು ಮೂವತ್ತೆರಡು ಜಿಬಿಯದು, ಆಗಲೇ ಪರೀಕ್ಷೆ ಮಾಡಿಟ್ಟಿದ್ದು. ಇನ್ನೊಂದು ಇನ್ನೂರೈವತ್ತಾರು ಜಿಬಿಯದು, ಆಗಷ್ಟೇ ಬಂದಿದ್ದು. “ಭಾವನ ಬಾಯಿಗೆ ಆ ಮೂವತ್ತೆರಡು ಯಾವ ಮೂಲೆಗೂ ಸಾಲಲ್ಲ” ಎಂದು ಜೋಕು ಹೊಡೆದು ದೊಡ್ಡದನ್ನೇ ಹಾಕಿದೆ. ಎಲ್ಲರೂ ನಕ್ಕರು. ಭಾವ ಎಲ್ಲರಿಗಿಂತ ಜೋರಾಗಿ ನಕ್ಕರು.

ಆಪರೇಷನ್ ಆಗಿ ತಿಂಗಳು ಕಳೆದ ಮೇಲೆ ತೆಗೆದು ನೋಡಿದರೆ ಫೈಲುಗಳ ಹೆಸರುಗಳು ಹನ್ನೊಂದು ದಿನದ್ದೂ ಇದ್ದವು. ದನಿ ಇದ್ದದ್ದು ಮೊದಲ ಎರಡು ದಿನದ್ದು ಮಾತ್ರ. ಉಳಿದವು ಖಾಲಿ. ಮೇಲೆ ಇನ್ನೂರೈವತ್ತಾರು ಎಂದು ಅಚ್ಚು ಹಾಕಿದ್ದ ಆ ಕಾರ್ಡಿಗೆ ಒಳಗೆ ನಿಜವಾಗಿ ಇದ್ದ ಜಾಗ ನಾಲ್ಕೇ ಜಿಬಿ. ಅದು ತುಂಬಿದ ಮೇಲೂ ಬಂದದ್ದಕ್ಕೆಲ್ಲ ಹೂಂ ಹೂಂ ಎನ್ನುತ್ತಾ ಚೆಲ್ಲಿಬಿಟ್ಟಿತ್ತು. ನಡುವೆ ಎರಡು ಸಲ ಹೋಗಿ ನೋಡಿದ್ದೆ. ಹೆಸರುಗಳು ದಿನದಿನಕ್ಕೆ ಸೇರುತ್ತಿರುವುದನ್ನು ಕಂಡು ಖುಷಿಯಾಗಿ ಬಂದಿದ್ದೆ. ಒಂದನ್ನಾದರೂ ಹಾಕಿ ಕೇಳಲಿಲ್ಲ.

ಸಿಕ್ಕ ಎರಡು ದಿನವಾದರೂ ಎಂಥವು! ಮೈಕಿಗೆ ಹೆದರಿ ಭಾವ ಶಾಲೆಯಲ್ಲಿ ಪಾಠ ಒಪ್ಪಿಸುವವರ ಹಾಗೆ ಮಾತಾಡಿದ್ದರು. “ತೋಳು ಎತ್ತಿ. ತಿರುಗಿ ನಿಲ್ಲಿ. ನಾಳಿದ್ದು ಬನ್ನಿ.” ಮೈಕು ಮರೆತುಹೋಗಿ ಅವರು ಅವರಾದದ್ದು ಮೂರನೆಯ ದಿನದಿಂದ.

ಈಗ ಅವರಿಗೆ ಆರು ಗುಂಡಿಗಳ ಒಂದು ಪೆಟ್ಟಿಗೆ ಮಾಡುತ್ತಿದ್ದೆ. ಗುಂಡಿ ಒತ್ತಿದರೆ ಅವರದೇ ದನಿಯಲ್ಲಿ ಒಂದು ಮಾತು ಬರಬೇಕು. ಅದಕ್ಕೇ ಈ ಹೊಸ ಕಾರ್ಡು.

“ಐದು ಗುಂಡಿಗೆ ಮಾತು ಸಿಕ್ಕಿದೆ ಅಂದ್ಯಲ್ಲ. ಆರನೇದು?” ಎಂದಳು ಅಕ್ಕ.

“ನೀನು ಹೇಳು.”

“ಏನಿಲ್ಲ... ದಿನಕ್ಕೆ ನಲವತ್ತು ಸಲ ‘ಇವಳೇ’ ಅಂತ ಕೂಗೋರು. ಕಾಫಿಗೆ ಇವಳೇ, ದಾರಕ್ಕೆ ಇವಳೇ, ಎದುರಿಗಿರೋ ಕನ್ನಡಕ ಹುಡುಕೋಕೂ ಇವಳೇ. ‘ಒಂದು ಸಲ ಬಾಯಿ ಮುಚ್ಕೊಂಡಿರ್ರೀ’ ಅಂತ ರೇಗಿದ್ದೀನಿ. ಅದೊಂದು ಸಿಗುತ್ತಾ ನೋಡು.”

ಹುಡುಕಿಯಾಗಿತ್ತು. ಎರಡೂ ದಿನದ್ದನ್ನು ಮೂರು ಸಲ ಕೇಳಿದ್ದೆ. ಮೈಕಿನ ಮುಂದೆ ಹೆಂಡತಿಯನ್ನು ಕೂಗಲು ಭಾವನಿಗೆ ನಾಚಿಕೆಯಾಗಿರಬೇಕು. ಒಂದೇ ಒಂದು ಸಲವೂ ಕರೆದಿರಲಿಲ್ಲ.

“ಇಲ್ಲ ಅಕ್ಕ. ಅದಿಲ್ಲ.”

ಅವಳು ನಾಲ್ಕರಲ್ಲಿ ಒಂದು ಕಾರ್ಡನ್ನು ಬೆರಳ ತುದಿಯಿಂದ ನನ್ನ ಕಡೆ ತಳ್ಳಿದಳು. ಎ ಒಂದು ಎಂದಿದ್ದ ಮೂವತ್ತೆರಡರದ್ದು. “ಇದು ಸಾಕು. ಹೋಗಲಿ ಬಿಡು, ಕಾರ್ಡು ಕೈ ಕೊಟ್ರೆ ನೀನೇನು ಮಾಡ್ತೀಯ.”

ನಾನು ಮನೆಯಲ್ಲೆಲ್ಲ ಹೇಳಿದ್ದೇ ಹಾಗೆ. ಕಾರ್ಡು ಕೈ ಕೊಟ್ಟಿತು ಎಂದು. ಹೊಸ ಕಾರ್ಡನ್ನು ಪರೀಕ್ಷೆಯ ಯಂತ್ರಕ್ಕೆ ಹಾಕಿದೆ. ಪರದೆಯ ಮೇಲೆ ಪಟ್ಟಿ ನಿಧಾನವಾಗಿ ಬೆಳೆಯತೊಡಗಿತು.

“ಇದೇನು ಮಾಡ್ತಿದ್ದೀಯ?”

“ಕಾರ್ಡನ್ನ ಬಾಯಿತನಕ ತುಂಬಿಸಿ, ತುಂಬಿಸಿದ್ದನ್ನೆಲ್ಲ ವಾಪಸ್ ಓದಿಸ್ತೀನಿ. ಎಷ್ಟು ಕೊಟ್ಟೆನೋ ಅಷ್ಟೂ ಬಂದ್ರೆ ಕಾರ್ಡು ನಿಜ. ಎರಡು ಗಂಟೆ ಬೇಕು.”

“ಎಲ್ಲದಕ್ಕೂ ಮಾಡ್ತೀಯಾ?”

ಮೇಜಿನ ಮೇಲೆ ಪರೀಕ್ಷೆಯ ಪುಸ್ತಕ ತೆರೆದೇ ಇತ್ತು. ಕಾರ್ಡು, ತಾರೀಕು, ಗಿರಾಕಿ, ನನ್ನ ಸಹಿ. ಒಂಬತ್ತು ವರ್ಷದಿಂದ ಒಂದು ಸಾಲೂ ತಪ್ಪಿಸಿದವನಲ್ಲ.

“ಗಿರಾಕಿಗಳಿಗೆ ಎಲ್ಲದಕ್ಕೂ ಮಾಡ್ತೀನಿ,” ಎಂದೆ. ಅಷ್ಟಕ್ಕೇ ನಿಲ್ಲಿಸಬಹುದಿತ್ತು. “ಭಾವನ ಕಾರ್ಡಿಗೆ ಮಾಡಲಿಲ್ಲ ಅಕ್ಕ. ಆ ದೊಡ್ಡದಕ್ಕೆ ಒಂದು ದಿನ ಪೂರ್ತಿ ಬೇಕಿತ್ತು. ಇರೋದೇ ಹನ್ನೊಂದು ದಿನ, ಅದರಲ್ಲೊಂದು ಯಾಕೆ ಹಾಳು ಮಾಡೋದು ಅನ್ನಿಸ್ತು. ಮನೆಯವರೇ ತಾನೆ ಅಂತಲೂ ಅನ್ನಿಸ್ತು. ಆಮೇಲೆ ಕೂತು ಲೆಕ್ಕ ಹಾಕಿದೆ. ಹನ್ನೊಂದು ದಿನದ ಮಾತೂ ಆ ಚಿಕ್ಕದರಲ್ಲೇ ಹಿಡಿಸ್ತಿತ್ತು.”

ಅಕ್ಕ ಕುರ್ಚಿಯನ್ನು ಪರದೆಯ ಕಡೆ ತಿರುಗಿಸಿಕೊಂಡಳು. ಪರದೆಯ ಪಟ್ಟಿ ಕಾಲು ಭಾಗ ದಾಟಿತು, ಅರ್ಧ ದಾಟಿತು. ಯಾರೋ ಇಸ್ತ್ರಿಪೆಟ್ಟಿಗೆ ತಂದರು, ನಾಳೆ ಬನ್ನಿ ಎಂದು ಕಳಿಸಿದೆ. ಅವಳು ಕದಲದೆ ಪಟ್ಟಿಯನ್ನೇ ನೋಡುತ್ತಿದ್ದಳು.

ಕೊನೆಗೆ, ಕೊಟ್ಟದ್ದೆಲ್ಲ ವಾಪಸ್ ಬಂದಿದೆ, ತಪ್ಪು ಸೊನ್ನೆ ಎಂದು ಪರದೆ ತೋರಿಸಿತು. ಕಾರ್ಡು ತೆಗೆದು ಕೊಡಹೋದೆ. ಅಕ್ಕ ಕೈ ಚಾಚಲಿಲ್ಲ. ಪುಸ್ತಕವನ್ನು ನನ್ನ ಕಡೆ ತಿರುಗಿಸಿದಳು.

“ಬರಿ.”

“ನಿನ್ನ ಕಾರ್ಡಿಗೂ ಬರೀಬೇಕಾ ಅಕ್ಕ?”

“ಮನೆಯವಳಾಗಿ ಒಂದು ಸಲ ನೋಡಿದ್ದಾಯ್ತು. ಈಗ ಗಿರಾಕಿ ಅಂತಲೇ ಬರಿ.”

ಬರೆದೆ. ಸಹಿ ಹಾಕಿದೆ. ಅವಳು “ಪೆಟ್ಟಿಗೆ ಮುಗಿಯೋವರೆಗೆ ಇದು ನನ್ನ ಹತ್ರ ಇರಲಿ” ಎಂದು ಕಾರ್ಡನ್ನು ಪರ್ಸಿನೊಳಗೆ ಹಾಕಿ ಝಿಪ್ಪು ಎಳೆದಳು.

“ಭಾವನಿಗೆ...” ಎಂದೆ.

“ಅವರಿನ್ನೂ ಮನಸ್ಸಲ್ಲೇ ಕಾರ್ಡನ್ನ ಬಯ್ಕೊಂಡಿದ್ದಾರೆ, ಪಾಪ. ನಾನಂತೂ ಹೇಳಲ್ಲ. ನೀನೇ ಹೇಳಬೇಕು.”

ಅಷ್ಟರಲ್ಲಿ ಬಾಗಿಲಲ್ಲಿ ನೆರಳು ಬಿತ್ತು. ಅಕ್ಕನನ್ನು ಕರೆದೊಯ್ಯಲು ಭಾವನೇ ಬಂದಿದ್ದರು. ಅಳತೆಯ ಟೇಪು ಕೊರಳಲ್ಲಿತ್ತು, ಅದರ ಕೆಳಗೆ ಗಂಟಲಿನ ಬಿಳಿ ಪಟ್ಟಿ. ನಾನು ಎದ್ದು ಹತ್ತಿರ ಹೋಗಿ ಹೇಳಲೆಂದು ಬಾಯಿ ತೆರೆದೆ. ಅವರು ಅಲುಗಾಡಬೇಡ ಎನ್ನುವಂತೆ ಅಂಗೈ ತೋರಿಸಿದರು. ನನ್ನ ಅಂಗಿಯ ಎಡ ಭುಜದ ಹೊಲಿಗೆ ಬಿಟ್ಟುಹೋಗಿತ್ತು. ಅದನ್ನು ಎರಡು ಬೆರಳಲ್ಲಿ ಹಿಡಿದು, ಜೇಬಿನಿಂದ ಸೀಮೆಸುಣ್ಣದ ಬಿಲ್ಲೆ ತೆಗೆದು, ಎಲ್ಲಿಂದ ಎಲ್ಲಿಗೆ ಹೊಲಿಯಬೇಕೋ ಅಲ್ಲಿಂದ ಅಲ್ಲಿಗೆ ಒಂದು ನೀಲಿ ಗೆರೆ ಎಳೆದರು.