ಸೋಮವ್ವನ ಪಾವಟಿಗೆ

ತನ್ನ ಹೆಂಡತಿ ಸೋಮವ್ವನನ್ನು ಮಗ ಮುತ್ತುರಾಜ ಎತ್ತಿ ಕಾರಿನಲ್ಲಿ ಕೂರಿಸುವುದನ್ನು ಬಂಡೆಪ್ಪ ಆವತ್ತೇ ಮೊದಲು ನೋಡಿದ್ದು. ಮುತ್ತುರಾಜ ಕೆಟ್ಟದ್ದೇನೂ ಮಾಡಲಿಲ್ಲ. ತಾಯಿಯ ಕಂಕುಳಿಗೆ ಕೈಹಾಕಿ, ಆಗಷ್ಟೇ ಹುಟ್ಟಿದ ಮರಿಯನ್ನು ಎತ್ತಿದ ಹಾಗೆ ಮೆಲ್ಲಗೆ ಎತ್ತಿ ಹಿಂದಿನ ಸೀಟಿನಲ್ಲಿ ಇಟ್ಟ. ಆದರೆ ಎದುರಿನ ಕಟ್ಟೆಯ ಮೇಲೆ ನಾಲ್ಕು ಮಂದಿ ಕೂತಿದ್ದರು. ಸೋಮವ್ವ ಸೆರಗನ್ನು ಹಣೆಯ ತನಕ ಎಳೆದುಕೊಂಡು, ಹುನಗುಂದ ದಾಟುವವರೆಗೂ ಹಿಂದೆ ಸರಿಸಲಿಲ್ಲ.

ಅವಳ ಜಾಗ ಮುಂದೆ, ಎಡಗಡೆ. ಆ ಬಾಗಿಲು ಈಗ ತೆರೆಯುತ್ತಿರಲಿಲ್ಲ. ಹಿಂದಿನ ವಾರ ಇಳಕಲ್ಲಿನ ಪೇಟೆಯಲ್ಲಿ ಕಾರು ನಿಲ್ಲಿಸಿ ಮುತ್ತುರಾಜ ಅಂಗಡಿಯೊಳಗೆ ಹೋಗಿದ್ದಾಗ, ಕಲ್ಲು ಹೇರಿದ ಟ್ರ್ಯಾಕ್ಟರೊಂದು ಹಿಂದಕ್ಕೆ ಬಂದು ಎಡಪಕ್ಕೆಯನ್ನೇ ಒತ್ತಿಬಿಟ್ಟಿತ್ತು. ಬಾಗಿಲು ಒಳಕ್ಕೆ ಜಜ್ಜಿಹೋಗಿತ್ತು. ಅದರ ಕೆಳಗೆ, ಹತ್ತುವಾಗ ಕಾಲಿಡಲು ಇದ್ದ ಕಬ್ಬಿಣದ ಪಾವಟಿಗೆ ಮಡಚಿಕೊಂಡು ಗಾಲಿಗೆ ತಾಗುವ ಹಾಗೆ ನಿಂತಿತ್ತು.

ಆ ಪಾವಟಿಗೆ ಕಾರಿನ ಜೊತೆ ಬಂದದ್ದಲ್ಲ. ಜೀಪಿನಂಥ ಎತ್ತರದ ಗಾಡಿ, ಯಾರೋ ಬಳಸಿ ಮಾರಿದ್ದು. ಕೆಲವು ವರ್ಷಗಳ ಹಿಂದೆ ಅದು ಮನೆಗೆ ಬಂದ ದಿನ ಎಲ್ಲರೂ ಹತ್ತಿ ಊರು ಸುತ್ತಿ ಬಂದರೆ ಸೋಮವ್ವ ಮಾತ್ರ, "ನನ್ನ ಹಾಲು ಒಲಿಮ್ಯಾಗ ಐತಿ, ನೀವ ಹೋಗಿಬರ್ರಿ" ಎಂದು ಒಳಗೇ ಉಳಿದಳು. ಒಲೆಯ ಮೇಲೆ ಹಾಲು ಇರಲಿಲ್ಲ. ಅವಳ ಮೊಣಕಾಲು ಅಷ್ಟು ಎತ್ತರಕ್ಕೆ ಏಳುತ್ತಿರಲಿಲ್ಲ. ಜೀವಮಾನವೆಲ್ಲ ಕುರಿಗಳ ಹಿಂದೆ ನಡೆದವನು ಬಂಡೆಪ್ಪ. ಹಿಂಡಿನಲ್ಲಿ ಯಾವುದು ಕಾಲೂರಲು ಹಿಂದೆಮುಂದೆ ನೋಡುತ್ತದೆ ಎಂಬುದು ಅವನ ಕಣ್ಣಿಗೆ ಬೀಳದೆ ಹೋಗುತ್ತದೆಯೆ? ಮರುದಿನವೇ ಕಾರನ್ನು ಮಗನ ಕೈಲಿ ಮುಂದೆ ಕಳಿಸಿ, ಅವಳನ್ನು ಆಟೊದಲ್ಲಿ ಕರೆದುಕೊಂಡು ಇಳಕಲ್ಲಿನ ಅಬ್ದುಲಸಾಬನ ಗ್ಯಾರೇಜಿಗೆ ಹೋದ.

ಅಬ್ದುಲಸಾಬ ಟೇಪು ಹಿಡಿಯಲಿಲ್ಲ. ಗೋಡೆಯ ಬದಿಗೆ ಬಿದ್ದಿದ್ದ ಇಟ್ಟಿಗೆ ತಂದು ಕಾರಿನ ಬಾಗಿಲ ಮುಂದೆ ಒಂದರ ಮೇಲೊಂದು ಇಟ್ಟ. "ಹತ್ತಬೇ ಅಕ್ಕಾ. ಎತ್ತರ ಆತೇನು? ತಡಿ, ಒಂದ ತಗೀತೇನಿ." ಹೀಗೆ ಇಡುತ್ತ ತೆಗೆಯುತ್ತ, ಸೋಮವ್ವ ಯಾರ ಕೈಯನ್ನೂ ಹಿಡಿಯದೆ ಹತ್ತಿ ಕೂತ ಮೇಲೆ ಅದೇ ಎತ್ತರಕ್ಕೆ ಕಬ್ಬಿಣ ಕಡಿದು ಬೆಸೆದ. ಹಿಡಿದು ಏಳಲು ಒಳಗೊಂದು ಹಿಡಿಕೆಯನ್ನೂ ಕೂರಿಸಿದ. ಅಂದಿನಿಂದ ಸೋಮವ್ವ ಪ್ರತಿ ಅಮಾವಾಸ್ಯೆಯ ಮರುದಿನ ಶಿರೂರಿಗೆ ಹೊರಡುತ್ತಿದ್ದಳು. ಸೊಂಟ ಮುರಿದು ಹಾಸಿಗೆ ಹಿಡಿದ ತಂಗಿ ಶಾರವ್ವ ಅಲ್ಲಿದ್ದಳು. ಅವಳ ತಲೆ ಬಾಚಿ, ಉಣ್ಣಿಸಿ, ಹಳೆಯ ಜಗಳ ತೆಗೆದು ಒಂದಿಷ್ಟು ಬೈದು ಬರುವುದು ಸೋಮವ್ವನಿಗೆ ಹಬ್ಬವಿದ್ದ ಹಾಗೆ.

ಈಗ ಕಾರು ಬಾಗಲಕೋಟೆಗೆ ಹೊರಟಿತ್ತು. ಯಾವ ಗ್ಯಾರೇಜು ಎಂದು ಇನ್ಸೂರೆನ್ಸಿನವರು ಫೋನಿನಲ್ಲಿ ಕೇಳಿದಾಗ ಮುತ್ತುರಾಜ ಅಲ್ಲಿಯ ದೊಡ್ಡ ವರ್ಕ್‌ಶಾಪಿನ ಹೆಸರು ಹೇಳಿದ್ದ.

"ಅಲ್ಲೆ ನಾವು ಕೈಯಿಂದ ರೊಕ್ಕ ಹಾಕೂದ ಬ್ಯಾಡಪ್ಪ," ಎಂದ ಸ್ಟೇರಿಂಗು ಹಿಡಿದುಕೊಂಡೇ. "ವರ್ಕ್‌ಶಾಪಿನವ್ರು, ಇನ್ಸೂರೆನ್ಸಿನವ್ರು ಅವರವರ ನೋಡ್ಕೋತಾರ. ಎಲ್ಲಾ ಹೊಸಾದು ಹಾಕಿ ಕೊಡ್ತಾರ."

"ಪಾವಟಿಗಿ?" ಎಂದ ಬಂಡೆಪ್ಪ.

"ಅದೊಂದು ಹೆಂಗರ ಆಕ್ಕೈತಿ. ಆಗಲಿಲ್ಲಂದ್ರ ನಾ ಇಲ್ಲೇನು ಎತ್ತಾಕ? ಅವ್ವ ಎಷ್ಟ ಭಾರ ಅದಾಳ?"

"ನಾ ಏನ ಹತ್ತೀ ಚೀಲ ಆಗೇನೇನಲೇ?" ಎಂದಳು ಹಿಂದಿನಿಂದ ಸೋಮವ್ವ. ಹೊರಟ ಮೇಲೆ ಅವಳ ಮೊದಲ ಮಾತು ಅದು. ಮಗ ನಕ್ಕ. ಅವಳು ನಗಲಿಲ್ಲ.

ಶಿರೂರು ದಾರಿಯಲ್ಲೇ ಸಿಗುತ್ತದೆ. ಸಂಜೆಯವರೆಗೆ ಅವಳನ್ನು ಅಲ್ಲಿ ಬಿಡುವುದೆಂದು ಮಾತಾಗಿತ್ತು. ಮಗ ಮತ್ತೆ ಎತ್ತಿ ಇಳಿಸಿದ. ನೀರು ಕುಡಿಯಲು ಒಳಗೆ ಹೋದ ಬಂಡೆಪ್ಪನಿಗೆ ಅಕ್ಕತಂಗಿಯರ ಮಾತು ಕಿವಿಗೆ ಬಿತ್ತು.

"ಮುಂದಿನ ಅಮಾಸಿಗೆ ಬರಬೇಕಾದ್ರ ಕೊಬ್ರಿ ಎಣ್ಣಿ ತಾ ಯಕ್ಕಾ," ಎಂದಳು ಶಾರವ್ವ.

"ಯಾರ ಕೈಯಾಗರ ಕಳಸ್ತೇನಿ."

"ಯಾಕ, ನಿನ್ನ ಕಾಲಿಗೇನಾತು?"

"ಮನ್ಯಾಗ ಭಾಳ ಕೆಲಸ ಅದಾವ. ಸುಮ್ಮ ಕೂಡು, ಸಿಕ್ಕಾಗೇತಿ ತಲಿ."

ಬಂಡೆಪ್ಪ ತಂಬಿಗೆ ಕೆಳಗಿಟ್ಟು ಹೊರಗೆ ಬಂದ. ಸೋಮವ್ವನ ಒಲೆಯ ಮೇಲೆ ಮತ್ತೆ ಅದೇ ಇಲ್ಲದ ಹಾಲು ಕಾಯುತ್ತಿತ್ತು.

ಬಾಗಲಕೋಟೆಯ ವರ್ಕ್‌ಶಾಪು ದವಾಖಾನೆಯಷ್ಟು ಚೊಕ್ಕಟವಾಗಿತ್ತು. ಕುರ್ಚಿ ಕೊಟ್ಟರು, ಚಹ ಕೊಟ್ಟರು. ರಂಜನಾ ಎಂಬ ಹುಡುಗಿ ಕಾರನ್ನು ಒಂದು ಸುತ್ತು ನೋಡಿಬಂದು ಮುದುಕನ ಪಕ್ಕದಲ್ಲೇ ಕೂತು ತಿಳಿಸಿ ಹೇಳಿದಳು.

"ಬಾಗಲಾ ಹೊಸಾದು ಬರತದರಿ. ಕೆಳಗಿನ ಪಟ್ಟೀನೂ ಹೊಸಾದು. ಆ ಕಬ್ಬಿಣದ ಮೆಟ್ಟಲಾ ಮಾತ್ರ ನಾವು ಹಾಕಲಿಕ್ಕೆ ಬರಂಗಿಲ್ಲ ಅಜ್ಜಾ. ಅದು ಹೊರಗ ಮಾಡಿಸಿದ್ದು."

"ನೀವು ಹಾಕೂದ ಬ್ಯಾಡವಾ. ಇಲ್ಲಿಂದ ಒಯ್ದು ನಾವ ಹಾಕಿಸ್ಕೊಂಡ್ರ?"

"ಹೊಸ ಪಟ್ಟಿಗೆ ಯಾರರೆ ವೆಲ್ಡಿಂಗ್ ಮಾಡಿದ್ರ ನಾವು ಕೊಟ್ಟ ಗ್ಯಾರಂಟಿ ಹೋಗತದ. ಆಮ್ಯಾಲೆ ತುಕ್ಕು ಹಿಡೀತು ಅಂತ ಬಂದ್ರ ನಾ ಏನ ಹೇಳ್ಲಿ?"

ಆ ಹುಡುಗಿಯ ಮಾತಿನಲ್ಲಿ ತಪ್ಪಿರಲಿಲ್ಲ. ಅಷ್ಟರಲ್ಲಿ ಇನ್ಸೂರೆನ್ಸಿನ ಪರವಾಗಿ ನೋಡಲು ಬಂದ ಶಿರೀಷ ಜಜ್ಜಿದ ಬಾಗಿಲಿನ ಫೋಟೊಗಳನ್ನೆಲ್ಲ ತೆಗೆದುಕೊಂಡ. ಕೆಲಸ ಶುರುಮಾಡಲು ಮುತ್ತುರಾಜನ ಸಹಿಯೊಂದೇ ಬಾಕಿ. ಬಂಡೆಪ್ಪ ಎದ್ದು ಶಿರೀಷನ ಹತ್ತಿರ ಹೋದ.

"ಸಾಹೇಬ್ರ, ಗಾಡಿ ಬ್ಯಾರೆ ಕಡೆ ಒಯ್ದರ ಇನ್ಸೂರೆನ್ಸ ಮುಳುಗತೈತೇನ್ರಿ?"

"ಯಾಕ ಮುಳುಗತದ? ಗಾಡಿ ನಿಮ್ಮದು, ಗ್ಯಾರೇಜು ನಿಮ್ಮಿಷ್ಟ," ಎಂದ ಶಿರೀಷ. "ನಾ ನೋಡೂಕಿಂತ ಮೊದಲ ಬಿಚ್ಚಬಾರದಿತ್ತು, ಅಷ್ಟ. ಈಗ ನೋಡೇನಿ. ಆದ್ರ ಅಲ್ಲೆ ಮೊದಲು ನೀವ ರೊಕ್ಕ ಕೊಟ್ಟು, ಪಕ್ಕಾ ಬಿಲ್ಲು ತರಬೇಕು. ಆಮ್ಯಾಲೆ ಕಂಪನಿ ಕೊಡತದ. ತಡಾ ಆಗತದ ಮತ್ತ. ಆ ಮೆಟ್ಟಲದ್ದು ಅಂತೂ ಕೊಡಂಗಿಲ್ಲ. ಅದು ಐತಿ ಅಂತ ಕಂಪನಿಗೆ ತಿಳಿಸಿಡ್ರಿ, ಮುಂದ ತಕರಾರು ಬ್ಯಾಡ."

"ಆತ್ರಿ. ಇಳಕಲ್ಲಿಗೆ ಒಯ್ತೇವಿ."

ಮುತ್ತುರಾಜ ಪೆನ್ನು ಹಿಡಿದವನು ಹಾಗೆಯೇ ನಿಂತ. ತಂದೆಯನ್ನು ಹೊರಗೆ ಬೇವಿನ ನೆರಳಿಗೆ ಕರೆದುಕೊಂಡು ಹೋದ.

"ಅಪ್ಪಾ, ಪುಕ್ಕಟ ಆಗೂದು ಬಿಟ್ಟು ಕೈಯಾಗಿಂದು ಯಾಕ ಹಾಕಬೇಕು? ಎಲ್ಲೈತಿ ರೊಕ್ಕ?"

"ಇಲ್ಲೆ ಹೊಸಾ ಪಟ್ಟಿ ಹಾಕಿಸಿ, ಮತ್ತ ಅದನ್ನ ಸುಟ್ಟು ಗ್ಯಾರಂಟಿ ಕಳಕೊಳ್ಳೂದಕ್ಕಿಂತ ಎಲ್ಲಾ ಅಬ್ದುಲಸಾಬನ ಮಾಡ್ಲಿ. ರೊಕ್ಕಕ್ಕ ಎರಡು ಟಗರು ಕೊಡೂಣು."

"ನಿನ್ನ ಟಗರು?" ಮುತ್ತುರಾಜ ತಂದೆಯ ಮುಖ ನೋಡಿದ. ಆ ಟಗರುಗಳಿಗೆ ಮನೆಯವರು ಉಣ್ಣುವುದಕ್ಕಿಂತ ಮೊದಲು ಕಾಳು ಹಾಕುವವನು ಅಪ್ಪ. "ಯಾತಕ್ಕಪ್ಪ ಇಷ್ಟು? ನಾ ಎತ್ತಿ ಕುಂಡರಸ್ತೇನಿ ಅಂದೆನಲ್ಲ. ತಾಯೀನ ಎತ್ತಾಕ ನನಗೇನ ನಾಚಿಕಿ?"

"ನಿನಗ ಇಲ್ಲೋ ತಮ್ಮಾ, ಆಕೀಗೈತಿ. ಶಿರೂರಿಗೆ ಇನ್ನ ಬರಂಗಿಲ್ಲ ಅಂತ ತಂಗೀಗೆ ಹೇಳ್ಯಾಳ. ನೀ ಎತ್ತತೀ ಅಂತ ಆಕಿ ಹೋಗೂದ ಬಿಡ್ತಾಳ."

ಮುತ್ತುರಾಜ ಪೆನ್ನಿನ ಟೊಪ್ಪಿಗೆಯನ್ನು ಹಾಕಿದ, ತೆಗೆದ, ಮತ್ತೆ ಹಾಕಿದ. ಒಳಗೆ ಹೋಗಿ ರಂಜನಾಳಿಗೆ ತಾಯಿಯ ವಿಷಯ ಹೇಳಿ, ಸಹಿ ಮಾಡದೆ ಪೆನ್ನು ಕೊಟ್ಟು ಬಂದ. ಅವಳು ಬೇಸರ ಮಾಡಿಕೊಳ್ಳಲಿಲ್ಲ; ಬಾಗಿಲಿನ ತನಕ ಬಂದು, "ಅಜ್ಜೀಗೆ ನಮಸ್ಕಾರ ಹೇಳ್ರಿ" ಎಂದಳು.

ಸಂಜೆ ಶಿರೂರಿನಲ್ಲಿ ಸೋಮವ್ವ ಸುದ್ದಿ ಕೇಳಿ ಗಂಡನನ್ನು ಚೆನ್ನಾಗಿಯೇ ತರಾಟೆಗೆ ತೆಗೆದುಕೊಂಡಳು. "ನಿಮಗ ಬುದ್ಧಿ ಯಾವಾಗ ಬರತೈತ್ರಿ? ಬಂದ ಅನ್ನಾ ಒದ್ದ ಬಂದೀರಿ. ಟಗರು ಮಾರತಾರಂತ, ಟಗರು." ಶಾರವ್ವ ಒಳಗಿನಿಂದಲೇ ಕೂಗಿದಳು: "ಮಾವಾ, ಆಕಿ ಬೈತಾಳಂದ್ರ ಖುಷಿ ಆಗ್ಯಾಳ. ಕೊಬ್ರಿ ಎಣ್ಣಿ ಮರೀಬ್ಯಾಡಂತ ಹೇಳು."

ಮರುದಿನ ಇಳಕಲ್ಲಿನಲ್ಲಿ ಅಬ್ದುಲಸಾಬ ಮೊದಲು ಜಜ್ಜಿದ ಬಾಗಿಲನ್ನು ಬಿಚ್ಚಿ ಗೋಡೆಗೆ ಆನಿಸಿದ. ಹೊಸ ಬಾಗಿಲು ತರಿಸಲು ಮುಂಗಡ ಕೇಳಿ ತೆಗೆದುಕೊಂಡ. ಪಕ್ಕಾ ಬಿಲ್ಲಿನ ವಿಷಯ ಮುತ್ತುರಾಜ ಮೂರು ಸಲ ಕೇಳಿದ್ದಕ್ಕೆ, "ನನ್ನ ಮಗಳು ಕಂಪ್ಯೂಟರಿನ್ಯಾಗ ತಗದ ಕೊಡ್ತಾಳಪಾ, ನೀ ಚಿಂತಿ ಬಿಟ್ಟು ಒಂದ ಗುಟುಕು ನೀರ ಕುಡಿ" ಎಂದ. ಆಮೇಲೆ ಇಟ್ಟಿಗೆ ಎತ್ತಿಕೊಂಡ.

"ಹಳೀ ಅಳತಿ ಐತೆಲ್ಲ," ಎಂದಳು ಜೊತೆಗೆ ಬಂದಿದ್ದ ಸೋಮವ್ವ.

"ಇರಲಿ ಅಕ್ಕಾ. ಒಂದ ಸಲ ಹತ್ತು."

ಹಿಂದಿನಷ್ಟೇ ಎತ್ತರಕ್ಕೆ ಇಟ್ಟ. ಸೋಮವ್ವ ಕಾಲು ಎತ್ತಿದಳು. ಹಿಡಿಕೆಗೆ ಎರಡೂ ಕೈ ಹಾಕಿ, ಉಸಿರು ಬಿಗಿಹಿಡಿದು ತನ್ನನ್ನು ತಾನೇ ಜಗ್ಗಿಕೊಂಡಳು. ಅರ್ಧಕ್ಕೆ ನಿಂತು ಕೆಳಗಿಳಿದಳು. ಬಂಡೆಪ್ಪ ನೆಲ ನೋಡಿದ. ಈ ಒಂದು ವರ್ಷದಿಂದ ಅವಳು ಹೀಗೆಯೇ ಜಗ್ಗಿಕೊಂಡು ಹತ್ತುತ್ತಿದ್ದುದನ್ನು ಅವನು ನೋಡಿದ್ದ. ಕೇಳಿದರೆ ಎಲ್ಲಿ ಹೋಗುವುದನ್ನೇ ಬಿಡುತ್ತಾಳೋ ಎಂದು ಸುಮ್ಮನಿದ್ದ.

"ಒಂದರಿಂದ ಆಗೂದಿಲ್ಲ," ಎಂದ ಅಬ್ದುಲಸಾಬ. "ಕೆಳಗ ಒಂದು ಸಣ್ಣದು ಹಾಕೂಣು. ಬೇಕಾದಾಗ ಕೆಳಗ ಬಿಡೂದು, ಓಡಸೂವಾಗ ಮ್ಯಾಲೆ ಮಡಚೂದು."

"ಎರಡೆರಡು ಪಾವಟಿಗಿ? ಬೀರಪ್ಪನ ಗುಡೀ ಮಾಡ್ತೀಯೇನಲೇ ನನ್ನ ಗಾಡೀನ?"

"ಮಾಡಿದ್ರ ನಿನ್ನ ಗಂಡ ದಿನಾ ಬಂದು ಕಾಯಿ ಒಡೀತಾನ. ಹತ್ತು."

ಇಟ್ಟಿಗೆಗಳ ಸಣ್ಣ ಅಟ್ಟಿ ಒಂದು, ಅದರ ಹಿಂದೆ ದೊಡ್ಡದೊಂದು ಇಟ್ಟ. ಸೋಮವ್ವ ಒಂದು ಕಾಲಿಟ್ಟಳು, ಇನ್ನೊಂದು ಕಾಲಿಟ್ಟಳು. ಹಿಡಿಕೆಯನ್ನು ಒಂದೇ ಕೈಯಿಂದ ಮುಟ್ಟಿ, ತನ್ನ ಪಡಸಾಲೆಗೆ ಹತ್ತಿದಷ್ಟು ಸಲೀಸಾಗಿ ಹತ್ತಿ ಸೀಟಿನಲ್ಲಿ ಕೂತಳು. ಬಾಗಿಲೇ ಇಲ್ಲದ ಕಾರಿನಲ್ಲಿ ಸೆರಗು ಸರಿಮಾಡಿಕೊಂಡು, ಕೆಳಗೆ ನಿಂತ ಮೂವರು ಗಂಡಸರನ್ನು ಒಮ್ಮೆ ನೋಡಿದಳು.

"ಬರೋಬರಿ ಆತು ಅಕ್ಕಾ. ಇನ್ನ ಇಳಿ, ಅಳತಿ ಸಿಕ್ಕಿತು."

"ನಿಂದ್ರೋ ಮಾರಾಯಾ, ಈಗ ಕುಂತೇನಿ," ಎಂದಳು ಸೋಮವ್ವ. ಆಮೇಲೆ ಬಂಡೆಪ್ಪನ ಕಡೆ ತಿರುಗಿದಳು. "ನೋಡ್ರಿ, ಸುಮ್ಮ ನಿಲ್ಲೂ ಬದ್ಲಿ ಪ್ಯಾಟ್ಯಾಗ ಹೋಗಿ ಕೊಬ್ರಿ ಎಣ್ಣಿ ತರ್ರಿ. ದೊಡ್ಡ ಡಬ್ಬಿ ತರ್ರಿ."