ಡಾಂಬರಿನ ಗಾಡಿ

ನೋರೀನ್ ಎಚಾರ್ಟ್ ಮೂವತ್ತೊಂದು ವರ್ಷ ಅಂಚೆ ಹಂಚಿದ್ದು ನೆವಾಡಾದ ಬಡಗಣ ಮೂಲೆಯ ಒಂದೇ ಮಣ್ಣುದಾರಿಯಲ್ಲಿ. ಹೆದ್ದಾರಿ ಬಿಟ್ಟು ಇಳಿದರೆ ಇಪ್ಪತ್ತಾರು ಮೈಲಿ, ಒಂಬತ್ತು ಮನೆ. ಅಷ್ಟು ವರ್ಷಗಳಲ್ಲಿ ಅವಳು ನಾಲ್ಕು ಗಾಡಿ ಸವೆಸಿದ್ದಳು. ಕೊಂಡಾಗ ನಾಲ್ಕಕ್ಕೂ ಬೇರೆ ಬೇರೆ ಬಣ್ಣವಿತ್ತು. ವರ್ಷ ತುಂಬುವುದರೊಳಗೆ ಎಲ್ಲವೂ ದೂಳಿನ ಬಣ್ಣಕ್ಕೆ ತಿರುಗಿದ್ದವು. ಊಟದ ಡಬ್ಬಿಯಲ್ಲಿ ದೂಳು, ಕಿವಿಯಲ್ಲಿ ದೂಳು, ಭಾನುವಾರ ಚರ್ಚಿಗೆ ಹಾಕಿಕೊಳ್ಳುವ ಕೋಟಿನ ಜೇಬಿನಲ್ಲೂ ದೂಳು.

"ಕೆಲಸ ಬಿಟ್ಟ ಮಾರನೇ ದಿನ ಒಂದು ಕೆಂಪು ಪಿಕಪ್ ತಗೋತೀನಿ. ಅದರ ಚಕ್ರ ಮಣ್ಣು ಮುಟ್ಟಬಾರ್ದು, ಹಂಗಿರ್ಬೇಕು" ಎಂದು ಅವಳು ಕಂಡಕಂಡವರಿಗೆಲ್ಲ ಹೇಳುತ್ತಿದ್ದಳು. ಜನ ನಕ್ಕು ಕಾಗದ ಇಸಿದುಕೊಂಡು ಒಳಗೆ ಹೋಗುತ್ತಿದ್ದರು. ನಂಬಿದವಳು ಕೊನೆಯ ಮನೆಯ ಐಯೋನ್ ಹ್ಯಾಸ್ಕೆಟ್ ಒಬ್ಬಳೇ. ಎಂಬತ್ನಾಲ್ಕು ವರ್ಷದ ಮುದುಕಿ, ತಮ್ಮನ ಮಗನ ಜೊತೆ ಇದ್ದುಕೊಂಡು ಕುರಿ ಸಾಕಿದವಳು. ಅಂಚೆಯ ದಿನ ಫ್ಲಾಸ್ಕಿನಲ್ಲಿ ಕಾಫಿ ಹಿಡಿದು ಪೆಟ್ಟಿಗೆಯ ಬಳಿ ಕಾದಿರುತ್ತಿದ್ದಳು. "ಎಂಥ ಕೆಂಪು? ಟೊಮೇಟೊ ಕೆಂಪೋ, ಚೆರ್‍ರಿ ಕೆಂಪೋ?" ಎಂದು ಗಂಭೀರವಾಗಿ ವಿಚಾರಿಸುತ್ತಿದ್ದಳು.

ಜೂನ್ ತಿಂಗಳಲ್ಲಿ ನೋರೀನ್ ಕೆಲಸ ಬಿಟ್ಟಳು, ಜುಲೈಯಲ್ಲಿ ಗಾಡಿ ಬಂತು. ಚೆರ್‍ರಿ ಕೆಂಪು. ಬರೀ ರಸ್ತೆಯ ಓಟಕ್ಕೆಂದೇ ಮಾಡಿದ ಪಿಕಪ್ ಅದು. ಮೈಯನ್ನು ನೆಲಕ್ಕೆ ತಗ್ಗಿಸಿದ್ದರು. ಮೂತಿಯ ಕೆಳಗೆ ನೆಲ ಸವರುವಂಥ ಕಪ್ಪು ತುಟಿ. ಕನ್ನಡಿಯಂತೆ ಹೊಳೆಯುವ ದೊಡ್ಡ ಚಕ್ರಗಳಿಗೆ ಬೆಲ್ಟು ಸುತ್ತಿದಷ್ಟೇ ತೆಳ್ಳಗಿನ ಟೈರು. ಎಂಜಿನ್ ಮಾತ್ರ ಹೆದ್ದಾರಿಯನ್ನೇ ನುಂಗುವಂಥದು. ಎಳೆತವೆಲ್ಲ ಹಿಂದಿನ ಎರಡು ಚಕ್ರಕ್ಕೆ.

ಅವಳ ಗಂಡ ರೇಮನ್ ಅಂಗಳದಲ್ಲಿ ಅದರ ಸುತ್ತ ಎರಡು ಸಲ ನಡೆದ. ಅವನದು ನೆಲದಿಂದ ಮೊಳಕಾಲೆತ್ತರ ನಿಂತ, ನಾಲ್ಕು ಚಕ್ರಕ್ಕೂ ಎಳೆತವಿದ್ದ ಹಳೆಯ ಪಿಕಪ್.

"ಇದು ಪಿಕಪ್ಪಲ್ಲ ಕಣೇ, ಪಿಕಪ್ ವೇಷ ಹಾಕ್ಕೊಂಡಿರೋ ಕಾರು. ದಾರೀಲಿ ಒಂದು ಹಲ್ಲಿ ಸತ್ತುಬಿದ್ದಿದ್ರೂ ಸುತ್ತು ಹಾಕ್ಕೊಂಡು ಹೋಗ್ಬೇಕು."

"ಹಲ್ಲಿ ಇರೋ ದಾರೀಗೆ ನಾನು ಹೋದ್ರೆ ತಾನೆ" ಎಂದಳು ನೋರೀನ್.

ಸೆಪ್ಟೆಂಬರಿನಲ್ಲಿ ಐಯೋನ್ ಫೋನ್ ಮಾಡಿದಳು.

"ಗಾಡಿ ಬಂದು ಎರಡು ತಿಂಗಳಾಯ್ತಂತೆ. ನಾನು ನೋಡೋದು ಯಾವಾಗ? ಸೊಂಟ ಮುರಿದ ಮೇಲೆ ಡಾಕ್ಟರ ಹತ್ರ ಬಿಟ್ಟು ನಾನೆಲ್ಲೂ ಹೋಗಲ್ಲಮ್ಮ. ಶನಿವಾರ ದಾರಿಯವರೆಲ್ಲ ನಮ್ಮನೇಲಿ ಊಟಕ್ಕೆ ಸೇರ್ತಿದಾರೆ, ನಿನಗೋಸ್ಕರಾನೇ. ಗಾಡೀನ ತಂದು ತೋರ್ಸು."

"ತರ್ತೀನಿ" ಎಂದುಬಿಟ್ಟಳು ನೋರೀನ್. ಫೋನ್ ಇಟ್ಟ ಮೇಲೆ ಅವಳಿಗೆ ಆ ಇಪ್ಪತ್ತಾರು ಮೈಲಿ ಕಣ್ಣಮುಂದೆ ಬಂತು.

"ನನ್ನ ಗಾಡೀಲಿ ಹೋಗೋಣ" ಎಂದ ರೇಮನ್.

"ಅವರು ನೋಡ್ಬೇಕು ಅಂದಿದ್ದು ನಿನ್ನ ಗಾಡೀನಲ್ಲ."

"ಹೋಗೋ ಗಾಡಿ ಅಲ್ಲ ಅದು, ನೋರೀನ್."

"ಗಾಡಿಗೆ ಗೊತ್ತಿಲ್ದಿದ್ರೆ ಏನಂತೆ, ನನಗೆ ಆ ದಾರಿ ಗೊತ್ತು."

"ಸರಿ, ನೀನು ಹೋಗು. ನನಗೆ ಬೇಲಿ ಕೆಲಸ ಇದೆ. ಮುಗಿಸಿ ಬರ್ತೀನಿ." ಅವನು ಮುಖ ತಿರುಗಿಸಿ ಎದ್ದುಹೋದ. ಮೂರು ದಿನ ಇಬ್ಬರ ನಡುವೆ ಉಪ್ಪು ಕೊಡು, ಬಾಗಿಲು ಹಾಕು ಎನ್ನುವಷ್ಟೇ ಮಾತು.

ಶನಿವಾರ ಬೆಳಿಗ್ಗೆ ನೋರೀನ್ ಹೊಸ ನೀಲಿ ಅಂಗಿ ತೊಟ್ಟು, ಪಕ್ಕದ ಸೀಟಿನ ಮೇಲೆ ಪೀಚ್ ಹಣ್ಣಿನ ಪೈ ಇಟ್ಟುಕೊಂಡು ಹೊರಟಳು. ಡಾಂಬರು ಮುಗಿದು ಮಣ್ಣು ಶುರುವಾಗುವಲ್ಲಿ ಒಂದು ಗಳಿಗೆ ನಿಂತು, ಆಮೇಲೆ ಮೆಲ್ಲಗೆ ಇಳಿಸಿದಳು.

ಮೊದಲ ನಾಲ್ಕು ಮೈಲಿ ದಾರಿ ಬೇಸಿಗೆಯ ಓಡಾಟಕ್ಕೆ ಗೀರುಗೀರಾಗಿ, ಬಟ್ಟೆ ಉಜ್ಜುವ ಹಲಗೆಯಂತಾಗಿತ್ತು. ಹಳೆಯ ಅಂಚೆ ಗಾಡಿಯಾದರೆ ನಲವತ್ತು ಮೈಲಿ ವೇಗದಲ್ಲಿ ಗೀರುಗಳ ನೆತ್ತಿಯ ಮೇಲೆ ತೇಲಿಕೊಂಡು ಹೋಗುತ್ತಿತ್ತು. ಇದರ ಬಿಗಿ ಸ್ಪ್ರಿಂಗು, ತೆಳು ಟೈರು ಒಂದೊಂದು ಗೀರನ್ನೂ ಎಣಿಸಿ ಅವಳ ಬೆನ್ನುಮೂಳೆಗೆ ವರದಿ ಒಪ್ಪಿಸಿದವು. ಇಪ್ಪತ್ತಕ್ಕೆ ಹೋದರೆ ಹಿಂಭಾಗ ಪಕ್ಕಕ್ಕೆ ಜಾರಿತು, ಹನ್ನೆರಡಕ್ಕೆ ಇಳಿಸಿದರೆ ಹಲ್ಲು ಕಟಕಟ ಅಂದವು. ಹನ್ನೆರಡೇ ಗತಿ ಎಂದುಕೊಂಡಳು.

ಆದರೆ ದಾರಿ ಅವಳದು. ತಿರುವು ಕಳೆದೊಡನೆ ಎಡಕ್ಕೆ ತಲೆ ಎತ್ತಿರುವ ಬಂಡೆ, ಲಾರಿ ಚಕ್ರ ಕೊರೆದ ಆಳದ ಜಾಡು, ಚಳಿಗಾಲಕ್ಕೆ ಮುರಿದ ಮೋರಿ, ಎಲ್ಲವೂ ಬಾಯಿಪಾಠ. ಜಾಡು ಸಿಕ್ಕಲ್ಲೆಲ್ಲ ಒಂದು ಕಡೆಯ ಚಕ್ರವನ್ನು ನಡುದಿಬ್ಬದ ಮೇಲೂ ಇನ್ನೊಂದು ಕಡೆಯದನ್ನು ದಾರಿಯಂಚಿಗೂ ಹತ್ತಿಸಿ, ಹೊಟ್ಟೆ ತಾಗದಂತೆ ಸಾಗಿಸಿದಳು. ಹಳ್ಳದ ಏರಿಗಳನ್ನು ನೇರ ಹತ್ತದೆ ಓರೆಯಾಗಿ, ಒಂದು ಚಕ್ರವಾದ ಮೇಲೆ ಇನ್ನೊಂದು ಎಂಬಂತೆ ಹತ್ತಿಸಿದಳು. ಎರಡು ಸಲ ತಳ ಉಜ್ಜಿದ ಸದ್ದಾಯಿತು. "ಮೆಲ್ಲಗೆ ಚಿನ್ನ, ಮೆಲ್ಲಗೆ. ನಿನ್ನ ತಪ್ಪಲ್ಲ ಬಿಡು" ಎಂದು ಗಾಡಿಗೆ ಸಮಾಧಾನ ಹೇಳಿದಳು. ಎರಡು ಗಂಟೆಯಲ್ಲಿ ಹತ್ತೊಂಬತ್ತು ಮೈಲಿ ಕಳೆದವು. ರೇಮನ್ ಇದನ್ನು ನೋಡಬೇಕಿತ್ತು ಅನ್ನಿಸಿತು.

ಇಪ್ಪತ್ತನೆಯ ಮೈಲಿಯಲ್ಲಿ ಅವಳ ಬಾಯಿಪಾಠ ಕೈಕೊಟ್ಟಿತು. ಆಗಸ್ಟಿನ ಮಳೆಗೆ ಅಲ್ಲಿನ ಒಣಹಳ್ಳ ಒಂದೇ ಮಧ್ಯಾಹ್ನ ತುಂಬಿ ಹರಿದು, ಹಳೆಯ ಗಟ್ಟಿ ದಾಟನ್ನು ಕೊಚ್ಚಿಕೊಂಡು ಹೋಗಿತ್ತು. ಈಗಿರುವುದು ಮೊಣಕಾಲೆತ್ತರದ ಇಳಿಜಾರು, ಅದರಾಚೆ ಹಿಟ್ಟಿನಂಥ ಮರಳು. ಎತ್ತರದ ಗಾಡಿಗಳು ದಾಟಿದ ಗುರುತಿತ್ತು. ನೋರೀನ್ ಇಳಿದು ನಡೆದು ನೋಡಿ, ಕಲ್ಲು ಹೊತ್ತು ತಂದು ಇಳಿಜಾರಿಗೆ ಜೋಡಿಸಿದಳು. ಚಕ್ರ ಜಾರಿದಾಗ ಎಂಜಿನ್ ತಾನಾಗಿ ಸೊರಗುವ ಏರ್ಪಾಟನ್ನು ಗುಂಡಿ ಒತ್ತಿ ನಿಲ್ಲಿಸಿ, ಓರೆಯಾಗಿ ಇಳಿಸಿದಳು. ಟಕ್ ಎಂದು ಮೂತಿಯ ಕಪ್ಪು ತುಟಿ ಮುರಿಯಿತು. ಅವಳು ಆಕ್ಸಿಲರೇಟರಿನಿಂದ ಕಾಲು ತೆಗೆಯಲಿಲ್ಲ. ಮರಳಿನ ನಡುವಿಗೆ ಬರುವವರೆಗೆ ಗಾಡಿ ಚೆನ್ನಾಗಿಯೇ ಓಡಿತು. ಆಮೇಲೆ ಹಿಂದಿನ ಚಕ್ರಗಳು ನುಣ್ಣಗೆ ತಿರುಗಿದವು, ಗಾಡಿ ಮೊಟ್ಟೆಗೆ ಕೂತ ಕೋಳಿಯ ಹಾಗೆ ಹೊಟ್ಟೆ ಊರಿ ಕೂತಿತು.

ಅಲ್ಲಿ ಫೋನ್ ಸಿಗುವುದಿಲ್ಲ. ದಾರಿಯವರೆಲ್ಲ ಆಗಲೇ ಊಟದ ಮನೆ ಸೇರಿದ್ದರು. ನೋರೀನ್ ಹೊಸ ಅಂಗಿಯಲ್ಲೇ ಮರಳಿನ ಮೇಲೆ ಕೂತಳು. ನಾಚಿಕೆಯಿಂದ ಅಳು ಬರುವ ಹಾಗಾಯಿತು.

ಹತ್ತು ನಿಮಿಷವೂ ಆಗಿರಲಿಕ್ಕಿಲ್ಲ, ಹಿಂದಿನ ದಿಬ್ಬದ ಮೇಲೆ ದೂಳೆದ್ದಿತು. ರೇಮನ್ನನ ಪಿಕಪ್. ಹಿಂದೆ ನಾಲ್ಕು ಹೊಸ ಹಲಗೆ, ಎರಡು ಸಲಿಕೆ, ಜಾಕು, ಗಾಳಿ ತುಂಬುವ ಪಂಪು, ಮನೆಯ ಹಳೆಯ ಜಮಖಾನ.

"ಬೇಲಿ ಕೆಲಸ ಇತ್ತಲ್ಲ?" ಎಂದಳು ಅವಳು.

"ಬೇಲಿ ಎಲ್ಲಿಗೂ ಓಡಿಹೋಗಲ್ಲ."

"ಎಷ್ಟೊತ್ತಿಂದ ಹಿಂದೆ ಬರ್ತಿದೀಯ?"

"ಡಾಂಬರು ಬಿಟ್ಟಾಗಿಂದ. ನಿನಗೆ ಕಾಣಬಾರ್ದು ಅಂತ ಎರಡು ಮೈಲಿ ದೂರ ಇಟ್ಕೊಂಡಿದ್ದೆ. ಹನ್ನೆರಡು ಮೈಲಿ ವೇಗದಲ್ಲಿ ಬಂದು ಬಂದು ನನ್ನ ಗಾಡಿಗೆ ನಿದ್ದೆ ಹತ್ತಿತ್ತು."

ಹಲಗೆಗಳ ತುದಿ ಬೆಳ್ಳಗೆ, ಆಗತಾನೆ ಗರಗಸ ಕಂಡಂತಿತ್ತು. ಗುರುವಾರ ಸಂಜೆ ಕೊಟ್ಟಿಗೆಯಲ್ಲಿ ಕೇಳಿದ ಸದ್ದು ಏನೆಂದು ನೋರೀನ್‌ಗೆ ಈಗ ತಿಳಿಯಿತು. ಅವನು ಈಗ ಹಂಗಿಸುತ್ತಾನೆ ಎಂದು ಕಾದಳು. ಅವನು ಟೋಪಿ ತೆಗೆದಿಟ್ಟು ಹೊಟ್ಟೆಯ ಮೇಲೆ ಮಲಗಿ ಗಾಡಿಯಡಿಗೆ ತೂರಿಕೊಂಡ.

"ಕಟ್ಟಿ ಎಳೆದ್ರೆ?" ಎಂದು ಕೇಳಿದಳು.

"ತಳದಲ್ಲಿರೋದೆಲ್ಲ ಕಿತ್ಕೊಂಡು ಬರುತ್ತೆ. ಅಗೀಬೇಕು. ಟೈರಿಂದ ಸ್ವಲ್ಪ ಗಾಳಿ ಬಿಡು. ಸ್ವಲ್ಪ ಅಂದೆ. ಹೆಚ್ಚು ಬಿಟ್ರೆ ರಿಮ್ಮು ನೆಲಕ್ಕೆ ಹತ್ತುತ್ತೆ."

ಒಂದು ಗಂಟೆ ಇಬ್ಬರೂ ಅಗೆದರು. ಜಾಕು ಕೊಟ್ಟು ಎತ್ತಿ, ಚಕ್ರದಡಿ ಹಲಗೆ, ಹಲಗೆಯ ಮುಂದೆ ಜಮಖಾನ ಹಾಸಿದರು. ನೋರೀನ್ ಕೀಲಿಕೈ ಚಾಚಿದಳು.

"ನನಗ್ಯಾಕೆ? ನೀನೇ ಓಡ್ಸು" ಎಂದ ರೇಮನ್. "ಈ ಗಾಡೀನ ಹತ್ತೊಂಬತ್ತು ಮೈಲಿ ಈ ದಾರೀಲಿ ತರೋಕೆ ನನ್ನ ಕೈಲಿ ಆಗ್ತಿರ್ಲಿಲ್ಲ. ಹಿಂದಿಂದ ನಿನ್ನ ಚಕ್ರದ ಗುರುತು ನೋಡ್ತಾನೇ ಬಂದೆ."

ನೋರೀನ್ ಅವನ ಕಿವಿಯೊಳಗಿನ ಮರಳನ್ನು ಅಂಗಿಯ ತುದಿಯಿಂದ ಒರೆಸಿ, ಹತ್ತಿ ಕೂತಳು. ಗಾಡಿ ಹಲಗೆ ದಾಟಿ, ಜಮಖಾನ ದಾಟಿ, ಉಳಿದ ಮರಳನ್ನು ಓಟದ ಬಲದಲ್ಲೇ ದಾಟಿ ಆಚೆ ದಡಕ್ಕೆ ಬಂತು.

ಹ್ಯಾಸ್ಕೆಟ್ ಮನೆಯಲ್ಲಿ ಕುರಿಮಾಂಸದ ಸಾರು ಎರಡನೇ ಸಲ ಬಿಸಿಗಿಟ್ಟಿದ್ದರು. ಜನ ತಟ್ಟೆ ಇಟ್ಟು ಎದ್ದು ಬಂದು, ಗಂಡಸರು ಹೆಂಗಸರೆನ್ನದೆ ಮಂಡಿಯೂರಿ ಗಾಡಿಯ ತಳ ಪರೀಕ್ಷಿಸಿದರು. "ನೆಲಕ್ಕೂ ಇದಕ್ಕೂ ಮಧ್ಯೆ ನನ್ನ ಅಂಗೈ ಹೋಗಲ್ಲ, ಇದು ಹೆಂಗೆ ಬಂತು?" ಎಂದು ಒಬ್ಬ ತಲೆ ಕೆರೆದುಕೊಂಡ.

ಐಯೋನ್ ಊರುಗೋಲೂರಿ ಬಂದಳು. "ಚೆರ್‍ರಿ ಕೆಂಪು ಅಂದಿದ್ದೆ, ಇದು ಇಟ್ಟಿಗೆ" ಎಂದು, ಉಗುಳಿನಿಂದ ಹೆಬ್ಬೆರಳು ಒದ್ದೆ ಮಾಡಿ ದೂಳು ಮೆತ್ತಿದ ಬಾಗಿಲಿನ ಮೇಲೆ ಉಜ್ಜಿದಳು. ಕಾಸಿನಗಲ ಕೆಂಪು ಹೊಳೆಯಿತು. ಮುದುಕಿ ಅದನ್ನು ಬಹಳ ಹೊತ್ತು ನೋಡಿದಳು.

"ಒಂದು ಸುತ್ತು ಕರ್ಕೊಂಡು ಹೋಗು."

"ಈ ದಾರೀಲಾ? ನಿಮ್ಮ ಸೊಂಟ ಉಳಿಯಲ್ಲ."

"ದಾರಿ ಯಾರಿಗೆ ಬೇಕು?" ಐಯೋನ್ ಊರುಗೋಲೆತ್ತಿ ಕುರಿದೊಡ್ಡಿಯ ಆಚೆ ತೋರಿಸಿದಳು. ಅಲ್ಲಿ ಒಣಗಿದ ಸರೋವರದ ತಳ, ಬೆಳ್ಳಗೆ, ಬಡಿದು ಮಟ್ಟ ಮಾಡಿದ ಅಂಗಳದಂತೆ ಏಳು ಮೈಲಿ ಹಬ್ಬಿತ್ತು. "ಮಳೆ ನಿಂತು ಮೂರು ವಾರ ಆಯ್ತು. ಕಲ್ಲಿನ ಹಂಗೆ ಗಟ್ಟಿಯಾಗಿದೆ."

ಟೈರಿಗೆ ಗಾಳಿ ತುಂಬಿಸಿ, ಮುದುಕಿಯನ್ನು ಎತ್ತಿ ಕೂರಿಸಿದರು. ಗಾಡಿ ತಗ್ಗಾಗಿದ್ದರಿಂದ ಎತ್ತುವುದೂ ಸುಲಭವಾಯಿತು. ಆ ಬಿಳಿನೆಲಕ್ಕೆ ಇಳಿದೊಡನೆ ಗಾಡಿಯ ಗಡಗಡವೆಲ್ಲ ನಿಂತುಹೋಯಿತು. ನಲವತ್ತು, ಅರವತ್ತು, ಎಂಬತ್ತು. ಅದೂ ಮಣ್ಣೇ, ಆದರೆ ಕಲ್ಲಿಲ್ಲದ, ಗೀರಿಲ್ಲದ ಮಣ್ಣು. ತಗ್ಗು ಮೈ ನೆಲವನ್ನು ಅಪ್ಪಿಕೊಂಡು, ಸ್ಟೀರಿಂಗ್ ತಿರುಗಿಸಿದ ಕಡೆಗೆ ಚೂರೂ ವಾಲದೆ ತಿರುಗಿತು. ಬೆಳಗಿನಿಂದ ಕುಂಟಿದ ಗಾಡಿ ಇದೇನಾ ಎಂದು ನೋರೀನ್‌ಗೇ ಬೆರಗು. ಐಯೋನ್ ಎರಡೂ ಕೈ ಮುಂದಿಟ್ಟುಕೊಂಡು, ಬಾಯಿ ಅರ್ಧ ತೆರೆದು ಕೂತಿದ್ದಳು.

ನಡುಮಧ್ಯಕ್ಕೆ ಬಂದಾಗ, "ನಿಲ್ಸು" ಎಂದಳು.

"ಸೊಂಟ ನೋವಾಯ್ತಾ?"

"ಇಲ್ಲ. ಜಾಗ ಬದಲಾಯಿಸೋಣ. ನಾನು ಗಾಡಿ ಕಲಿತಿದ್ದು ಇಲ್ಲೇ, ಹನ್ನೊಂದನೇ ವಯಸ್ಸಿಗೆ. ಡಿಕ್ಕಿ ಹೊಡೆಯೋಕೆ ಏನಿದೆ ಇಲ್ಲಿ, ಹೇಳು?"

ನೋರೀನ್ ಸುತ್ತ ನೋಡಿದಳು. ನಿಜ, ಏನೂ ಇರಲಿಲ್ಲ. ಇಳಿದು ಮುದುಕಿಯನ್ನು ತಬ್ಬಿ ಹಿಡಿದು ಈಚೆ ಕೂರಿಸಿದಳು. ಐಯೋನ್ ತೊಂಬತ್ತು ಮುಟ್ಟಿಸಿದಳು. ದಡದಲ್ಲಿ ನಿಂತಿದ್ದ ಜನ ಅಕ್ಕಿಕಾಳಿನಷ್ಟಾದರು, ಮತ್ತೆ ದೊಡ್ಡದಾಗಿ ಕಂಡರು. ಓಡಿಸುತ್ತಿರುವುದು ಯಾರೆಂದು ಮೊದಲು ಗುರುತು ಹಿಡಿದ ರೇಮನ್ ಟೋಪಿ ತೆಗೆದು ತಲೆಯ ಮೇಲೆ ಬೀಸಿದ.

ಅದೇ ದಾರಿಯಲ್ಲಿ ಗಾಡಿಯನ್ನು ವಾಪಸು ಒಯ್ಯುವ ಧೈರ್ಯ ಸಂಜೆ ಯಾರಿಗೂ ಬರಲಿಲ್ಲ. ಹಳ್ಳದ ದಾಟನ್ನು ಸರಿಮಾಡುವ ಯಂತ್ರ ಬರಲು ಹನ್ನೊಂದು ದಿನವಿತ್ತು. ಅಲ್ಲಿಯವರೆಗೆ ಹ್ಯಾಸ್ಕೆಟ್ ಮನೆಯ ಹುಲ್ಲಿನ ಕೊಟ್ಟಿಗೆಯಲ್ಲಿ ಇರಲಿ ಎಂದು ಬಿಟ್ಟು, ನೋರೀನ್ ರೇಮನ್ನನ ಪಕ್ಕ ಕೂತು, ಅವನ ಭುಜಕ್ಕೆ ತಲೆಯಿಟ್ಟು ನಿದ್ದೆಹೋಗಿ ಮನೆಗೆ ಬಂದಳು.

ಹನ್ನೆರಡನೆಯ ದಿನ ಇಬ್ಬರೂ ಹೋದಾಗ ಗಾಡಿ ತೊಳೆದು ಮಿರಿಮಿರಿ ಮಿಂಚುತ್ತಿತ್ತು. ಮುರಿದ ತುಟಿಯನ್ನು ಐಯೋನಳ ತಮ್ಮನ ಮಗ ತಂತಿಯಿಂದ ಬಿಗಿದಿದ್ದ. ನೋರೀನ್ ಕೀಲಿ ತಿರುಗಿಸಿ ಓಟದ ಲೆಕ್ಕ ನೋಡಿದಳು. ಬಿಟ್ಟುಹೋದಾಗ ಇದ್ದುದಕ್ಕಿಂತ ನೂರಾ ಹದಿನಾಲ್ಕು ಮೈಲಿ ಹೆಚ್ಚಾಗಿತ್ತು.

ಅವಳು ತಲೆಯೆತ್ತಿ ಜಗಲಿಯ ಕಡೆ ನೋಡಿದಳು. ಐಯೋನ್ ಅವರೆಕಾಳು ಸುಲಿಯುತ್ತ ಕೂತಿದ್ದಳು.

"ಬ್ಯಾಟರಿ ಇಳಿದುಹೋಗ್ಬಾರ್ದಲ್ಲ" ಎಂದಳು, ಮೊರದಿಂದ ಕಣ್ಣೆತ್ತದೆ.