ಗೋಡೆ ಕಡೆಯ ಗೋಲು

ಕಾಲೇಜಿನ ಹುಡುಗಿಯರ ಫುಟ್‌ಬಾಲ್ ತಂಡಕ್ಕೆ ಆ ವರ್ಷ ತವರು ಪಂದ್ಯ ಎಂದರೆ ಬಸ್ಸಿನಲ್ಲಿ ಮುಕ್ಕಾಲು ಗಂಟೆಯ ಪ್ರಯಾಣ. ಕಾಲೇಜಿನ ಮೈದಾನದ ಅರ್ಧ ಭಾಗವನ್ನು ಹೊಸ ಕಟ್ಟಡಕ್ಕೆಂದು ಅಗೆದು ಹಾಕಿದ್ದರು. ಉಳಿದರ್ಧದಲ್ಲಿ ಅಭ್ಯಾಸ ಮಾಡಬಹುದಿತ್ತೇ ಹೊರತು ಪಂದ್ಯ ಆಡುವ ಹಾಗಿರಲಿಲ್ಲ. ಹಾಗಾಗಿ ಪಂದ್ಯಗಳೆಲ್ಲ ಊರಾಚೆಯ ನಗರಸಭೆ ಸ್ಟೇಡಿಯಂಗೆ ಹೋದವು. ಯಾವ ತವರೋ ಏನೋ, ಅಲ್ಲಿ ಕುಡಿಯುವ ನೀರಿನ ನಲ್ಲಿ ಎಲ್ಲಿದೆ ಅಂತ ಎದುರು ತಂಡದವರನ್ನೇ ಕೇಳಬೇಕಾಗಿತ್ತು.

ಇದರಲ್ಲಿ ಎಲ್ಲರಿಗಿಂತ ಹೆಚ್ಚು ಕಂಗಾಲಾದವನು ಸುಣ್ಣದಣ್ಣ. ಇಪ್ಪತ್ತಾರು ವರ್ಷದಿಂದ ಕಾಲೇಜಿನ ಮೈದಾನ ನೋಡಿಕೊಂಡು ಬಂದವನು. ಹುಲ್ಲು ಕತ್ತರಿಸುವುದು, ಬಲೆ ಕಟ್ಟುವುದು, ಪಂದ್ಯದ ದಿನ ಬೆಳಗ್ಗೆ ಸುಣ್ಣದ ಗಾಡಿ ತಳ್ಳಿಕೊಂಡು ಗೆರೆ ಎಳೆಯುವುದು, ಎಲ್ಲ ಅವನದೇ. ಅವನ ಗೆರೆ ನೋಡಿ ಗಣಿತದ ಮೇಷ್ಟ್ರು ಒಮ್ಮೆ, "ನನ್ನ ಸ್ಕೇಲು ನಿನಗೇ ಕೊಟ್ಟುಬಿಡ್ತೀನಪ್ಪ" ಅಂದಿದ್ದರು. ಈ ಮಾತನ್ನು ಅವನು ಎಷ್ಟು ಸಲ ಹೇಳಿದ್ದನೆಂದರೆ, ‘ಗಣಿತದ’ ಅನ್ನುವಷ್ಟರಲ್ಲೇ ಅವನ ಹೆಂಡತಿ ಎದ್ದು ಅಡುಗೆಮನೆಗೆ ಹೋಗಿಬಿಡುತ್ತಿದ್ದಳು.

ಸ್ಟೇಡಿಯಂನಲ್ಲಿ ಅವನಿಗೆ ಕೆಲಸವೇ ಇರಲಿಲ್ಲ. ಅಲ್ಲಿಗೆ ಅಲ್ಲಿಯವನೇ ಒಬ್ಬ ಮಾಲಿ ಇದ್ದ, ಸೊಂಟಕ್ಕೆ ಸದಾ ಅಳತೆ ಟೇಪು ಸಿಕ್ಕಿಸಿಕೊಂಡಿರುವ ಮನುಷ್ಯ. ಸುಣ್ಣದಣ್ಣ ಬಲೆಗೆ ಕೈ ಹಾಕಿದರೆ, "ನೀವು ಕೂತ್ಕೊಳ್ಳಿ ಅಣ್ಣ, ನೀವು ಅತಿಥಿಗಳು" ಅನ್ನುತ್ತಿದ್ದ. ತವರು ಪಂದ್ಯಕ್ಕೆ ಬಂದವನನ್ನು ಅತಿಥಿ ಅಂದರೆ ಅವನಿಗೆ ಹೇಗಾಗಬೇಡ? ಗೋಲಿನ ಹಿಂದೆ ಒಂದು ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು, ಹೊರಗೆ ಬಂದ ಚೆಂಡು ಎಸೆಯುತ್ತ ಕೂರುತ್ತಿದ್ದ.

ತಂಡದಲ್ಲಿ ಅವನ ಅಕ್ಕನ ಮಗಳಿದ್ದಳು. ಎಲ್ಲರಿಗೂ ಪುಟ್ಟಿ. ಓದಿಗೆಂದು ಅವನ ಮನೆಯಲ್ಲೇ ಉಳಿದುಕೊಂಡಿದ್ದಳು. ಪೆನಾಲ್ಟಿ ಒದೆಯುವ ಕೆಲಸ ಅವಳದು. ಪೆನಾಲ್ಟಿ ಎಂದರೆ ಸುಣ್ಣದ ಚುಕ್ಕಿಯ ಮೇಲೆ ಚೆಂಡಿಟ್ಟು, ಗೋಲ್‌ಕೀಪರ್ ಒಬ್ಬಳನ್ನೇ ಎದುರಿಗಿಟ್ಟುಕೊಂಡು ಒದೆಯುವುದು. ಚುಕ್ಕಿ ಗೋಲ್ ಗೆರೆಯಿಂದ ಹನ್ನೊಂದು ಮೀಟರ್ ದೂರ ಇರಬೇಕು ಅಂತ ನಿಯಮ. ಅಭ್ಯಾಸದಲ್ಲಿ ಪುಟ್ಟಿ ಹತ್ತಕ್ಕೆ ಹತ್ತೂ ಹೊಡೆಯುತ್ತಿದ್ದಳು. ಮೇಲಿನ ಅಡ್ಡಕಂಬಕ್ಕೆ ಇನ್ನೇನು ತಾಗಿತು ಅನ್ನುವ ಹಾಗೆ ಚೆಂಡು ಒಳಗೆ ನುಗ್ಗುತ್ತಿತ್ತು. ಸ್ಟೇಡಿಯಂನಲ್ಲಿ ಮಾತ್ರ ಮೂರು ಪಂದ್ಯ, ಮೂರು ಪೆನಾಲ್ಟಿ, ಮೂರೂ ಅಡ್ಡಕಂಬದ ಮೇಲಿಂದ ಹಾರಿ ಸುಣ್ಣದಣ್ಣನ ಕುರ್ಚಿಯ ಹಿಂದೆ ಬಿದ್ದವು.

ಮೂರನೆಯದು ಶನಿವಾರ. ವಾಪಸ್ಸು ಬರುವಾಗ ಬಸ್ಸಿನಲ್ಲಿ ಕೋಚ್ ಮೇಡಂ ಪುಟ್ಟಿಯ ಪಕ್ಕ ಬಂದು ಕೂತರು. ಅವರೂ ಇದೇ ಕಾಲೇಜಿನಲ್ಲಿ ಆಡಿ ಬೆಳೆದವರು. ಒಂಬತ್ತು ವರ್ಷದ ಹಿಂದೆ ಬೇರೆ ಊರಿನಲ್ಲಿ ನಡೆದ ಫೈನಲ್ಲಿನಲ್ಲಿ ಕೊನೆಯ ಪೆನಾಲ್ಟಿ ಮೇಲಕ್ಕೆ ಹೊಡೆದು ಕಪ್ ಕಳೆದುಕೊಂಡಿದ್ದವರು. ಅದನ್ನು ಬಚ್ಚಿಟ್ಟುಕೊಂಡವರಲ್ಲ.

"ನನಗೂ ಹಿಂಗೇ ಆಗಿತ್ತು ಪುಟ್ಟಿ. ಹೊರಗಿನ ಮೈದಾನಕ್ಕೆ ಹೋದ್ರೆ ಕಾಲು ಹಿಡಿತಕ್ಕೆ ಬರಲ್ಲ. ಇದು ಕಾಲಿನ ದೋಷ ಅಲ್ಲ, ಮನಸ್ಸಿಂದು. ಮುಂದಿನ ಶನಿವಾರ ಕೊನೇ ಪಂದ್ಯ. ನೀನು ಹೊರಗೆ ಕೂತ್ಕೊ."

ಹಿಂದಿನ ಸೀಟಿನಲ್ಲಿ ಯಾರೋ ಮೆಲ್ಲಗೆ, "ಮಾವ ಇದ್ರಲ್ಲ, ಅದಕ್ಕೇ ಇಷ್ಟು ದಿನ ನಡೀತು" ಅಂದರು. ಮೆಲ್ಲಗೆ ಅಂದದ್ದೇ ಎಲ್ಲರಿಗೂ ಕೇಳಿಸಿತು. ಪುಟ್ಟಿ ಕಿಟಕಿಯ ಕಡೆ ತಿರುಗಿದವಳು ಮನೆ ಬರುವ ತನಕ ತಿರುಗಿ ನೋಡಲಿಲ್ಲ.

ಸೋಮವಾರ ಸುಣ್ಣದಣ್ಣ ಮರೆತು ಬಂದ ಬಾವುಟಗಳನ್ನು ತರಲು ಸ್ಟೇಡಿಯಂಗೆ ಹೋದ. ಮಾಲಿ ಒಬ್ಬನೇ ಗೆರೆ ಎಳೆಯುತ್ತಿದ್ದ. ಅವತ್ತು ಯಾಕೋ ಕೈ ನೋಯುತ್ತಿತ್ತೆಂದು ಕಾಣುತ್ತೆ, ಟೇಪಿನ ತುದಿ ಹಿಡಿದುಕೊಳ್ಳಲು ಹೇಳಿದ. ಸುಣ್ಣದಣ್ಣನಿಗೆ ಅಷ್ಟೇ ಸಾಕಾಗಿತ್ತು. ತುದಿ ಹಿಡಿದುಕೊಂಡು ಗೋಲ್ ಗೆರೆಯಿಂದ ಚುಕ್ಕಿಯವರೆಗೆ ನಡೆದ. ಹೆಜ್ಜೆ ಎಣಿಸುವುದು ಅವನ ಹಳೆಯ ಅಭ್ಯಾಸ. ಹದಿನೇಳು ಹೆಜ್ಜೆ ಬಂತು.

"ನಮ್ಮಲ್ಲಿ ಹದಿನೈದೂವರೆ" ಅಂದ, ಸುಮ್ಮನೆ ಮಾತಿಗೆ.

"ಹಂಗಾದ್ರೆ ನಿಮ್ಮದು ಹನ್ನೊಂದು ಮೀಟರ್ ಅಲ್ಲ ಬಿಡಿ" ಅಂದ ಮಾಲಿ, ಅವನೂ ಸುಮ್ಮನೆ ಮಾತಿಗೇ.

ಸುಣ್ಣದಣ್ಣ ತಿರುಗಿ ಗೋಲ್ ಗೆರೆಯ ಕಡೆ ನೋಡಿದ. ಮರೆತೇ ಹೋಗಿದ್ದ ಒಂದು ಮಧ್ಯಾಹ್ನ ಇದ್ದಕ್ಕಿದ್ದ ಹಾಗೆ ಕಣ್ಣ ಮುಂದೆ ಬಂತು. ಹನ್ನೆರಡು ವರ್ಷದ ಹಿಂದಿನ ಮಾತು. ಕಾಂಪೌಂಡು ಗೋಡೆಯ ಕಡೆಯ ಗೋಲಿನ ಹಿಂದೆ ಹೊಸ ಚರಂಡಿ ತೋಡಿದ್ದರಿಂದ ಗೋಲ್ ಕಂಬಗಳನ್ನು ಒಂದು ಮೀಟರ್ ಮುಂದಕ್ಕೆ ತರಬೇಕಾಗಿ ಬಂದಿತ್ತು. ಕಂಬ ನೆಟ್ಟು ಮುಗಿಸುವಾಗ ಎರಡೂವರೆ ಗಂಟೆ, ಮೂರಕ್ಕೆ ಪಂದ್ಯ. ಗೋಲ್ ಗೆರೆ ಹೊಸದಾಗಿ ಎಳೆದ. ಚುಕ್ಕಿಯನ್ನೂ ಅದರ ಸುತ್ತಿನ ಚೌಕವನ್ನೂ ಮುಂದೆ ಸರಿಸಲು ಹೊತ್ತಿರಲಿಲ್ಲ. ಪಂದ್ಯ ಮುಗಿದ ಮೇಲೆ ಸರಿಮಾಡಿದರಾಯಿತು ಅಂದುಕೊಂಡ. ಆಮೇಲೆ ಇನ್ನೊಂದು ಪಂದ್ಯ ಬಂತು, ಇನ್ನೊಂದು ಬಂತು. ಪ್ರತಿ ಸಲ ಹಳೆಯ ಗೆರೆಯ ಗುರುತಿನ ಮೇಲೇ ಗಾಡಿ ತಳ್ಳಿದ. ಕೊನೆಗೆ ಅದೇ ಸರಿ ಅಂತ ಅವನ ಕಣ್ಣಿಗೂ ಕಾಲಿಗೂ ಒಗ್ಗಿಹೋಯಿತು.

ಮಾಲಿಯಿಂದ ಟೇಪು ಕೇಳಿ ತಂದ. ಸಂಜೆ ಹುಡುಗಿಯರು ಹೋದ ಮೇಲೆ ಗೋಡೆ ಕಡೆಯ ಗೋಲಿನ ಮುಂದೆ ಮಂಡಿಯೂರಿ ಅಳೆದ. ಹತ್ತು ಮೀಟರ್. ಇನ್ನೊಮ್ಮೆ ಅಳೆದ. ಮತ್ತೂ ಒಮ್ಮೆ ಅಳೆದ, ಟೇಪಿಗೆ ಕರುಣೆ ಬರುತ್ತೇನೋ ಎಂಬಂತೆ.

ಆಗ ಒಂದೊಂದೇ ಗೊತ್ತಾಗುತ್ತ ಹೋಯಿತು. ಆ ಗೋಲಿಗೆ ಹುಡುಗಿಯರು ‘ಅದೃಷ್ಟದ ಗೋಲು’ ಅಂತ ಹೆಸರಿಟ್ಟಿದ್ದರು. ಟಾಸ್ ಗೆದ್ದರೆ ಎರಡನೇ ಅರ್ಧಕ್ಕೆ ಆ ಗೋಲಿಗೆ ಹೊಡೆಯುವ ಹಾಗೆ ಕಡೆ ಕೇಳುತ್ತಿದ್ದರು. ಪೆನಾಲ್ಟಿ ಅಭ್ಯಾಸ ಯಾವಾಗಲೂ ಅಲ್ಲೇ. ಊರಲ್ಲಿ ಎಲ್ಲ ಗೋಲು, ಹೊರಗೆ ಹೋದರೆ ಎಲ್ಲ ಮೇಲಕ್ಕೆ. ‘ನಮ್ಮ ಹುಡುಗಿಯರಿಗೆ ಹೊರಗೆ ಧೈರ್ಯ ಸಾಲದು’ ಅಂತ ಹನ್ನೆರಡು ವರ್ಷದಿಂದ ಎಲ್ಲರೂ ಹೇಳುತ್ತಿದ್ದರು. ಅವನೂ ಹೇಳಿದ್ದ. ಹತ್ತು ಮೀಟರಿನಿಂದ ಅಡ್ಡಕಂಬದ ಕೆಳಗೆ ನುಸುಳುವ ಚೆಂಡು ಹನ್ನೊಂದರಿಂದ ಒದ್ದರೆ ಮೇಲೇ ಹೋಗುತ್ತೆ, ಅದಕ್ಕೆ ಧೈರ್ಯ ಏನು ಮಾಡೀತು?

ಹೇಳಬೇಕಾದ ಮಾತು ಇಷ್ಟೇ ಇತ್ತು. ಆದರೆ ಬಾಯಿ ಬರಲಿಲ್ಲ. ಇನ್ನೆರಡು ವರ್ಷಕ್ಕೆ ನಿವೃತ್ತಿ. ಜನ ಅವನನ್ನು ಒಪ್ಪಿಕೊಂಡದ್ದೇ ಆ ಗೆರೆಗಾಗಿ. ಅದೇ ತಪ್ಪು ಅಂದರೆ ಅವನಲ್ಲಿ ಉಳಿಯುವುದೇನು?

ಮಂಗಳವಾರ ಊಟಕ್ಕೆ ಕೂತಾಗ ಪುಟ್ಟಿ ತಟ್ಟೆಯಲ್ಲಿ ಬೆರಳಾಡಿಸುತ್ತಿದ್ದಳು. ಸುಣ್ಣದಣ್ಣ ಗಂಟಲು ಸರಿಮಾಡಿಕೊಂಡ.

"ಚೆಂಡು ಒಂಚೂರು ತಗ್ಗಿಸಿ ಹೊಡೆದು ನೋಡು ಪುಟ್ಟಿ."

"ಈಗ ನೀನೊಬ್ಬ ಬಾಕಿ ಇದ್ದೆ ಮಾವ, ಹೇಳಿಕೊಡೋಕೆ" ಅಂದಳು. ಸಿಟ್ಟೂ ಇರಲಿಲ್ಲ ಆ ದನಿಯಲ್ಲಿ. "ಇಲ್ಲಿ ಹೊಡೀತೀನಿ, ಅಲ್ಲಿ ಆಗಲ್ಲ. ನಂಗೆ ಹೆದರಿಕೆ ಅಂತಾರೆ. ನಂಗೆ ಹೆದರಿಕೆ ಆಗ್ತಿರೋದೇ ಗೊತ್ತಾಗ್ತಿಲ್ಲ. ಗೊತ್ತೇ ಆಗದ ಹಾಗೆ ಹೆದರಿಕೊಳ್ಳೋದು ಅಂದ್ರೆ ನಾನು ಎಂಥವಳು ಮಾವ? ಗುರುವಾರ ಜೆರ್ಸಿ ವಾಪಸ್ ಕೊಟ್ಟುಬಿಡ್ತೀನಿ. ಇನ್ನು ಆಡಲ್ಲ."

ಹೆಂಡತಿ ಅವನ ಮುಖ ನೋಡಿದಳು. "ಏನಾದ್ರೂ ಹೇಳ್ರೀ ಅವಳಿಗೆ" ಅಂದಳು. ಅವನು ನೀರು ಕುಡಿದು ಎದ್ದು ಕೈ ತೊಳೆದ.

ಬುಧವಾರ ಕಟ್ಟಡದ ಮೇಸ್ತ್ರಿ ಸಿಕ್ಕಿದ. ಶುಕ್ರವಾರ ಗೋಡೆ ಕಡೆಗೂ ಯಂತ್ರ ಬರುತ್ತೆ, ಗೋಲ್ ಕಂಬ ಕಿತ್ತಿಟ್ಟುಕೊಳ್ಳಿ ಅಂದ. ಅಂದರೆ ಇನ್ನೆರಡು ದಿನ ಬಾಯಿಗೆ ಬೀಗ ಹಾಕಿಕೊಂಡರೆ ಚುಕ್ಕಿಯೂ ಇಲ್ಲ, ಗೆರೆಯೂ ಇಲ್ಲ, ಅಳೆಯುವವರೂ ಇಲ್ಲ. ಸುಳ್ಳು ಯಾಕೆ ಹೇಳಬೇಕು, ಆ ಕ್ಷಣ ಅವನಿಗೆ ಹಾಯೆನಿಸಿತು. ಸ್ಟೋರ್ ರೂಮಿಗೆ ಹೋಗಿ ಸ್ಪ್ಯಾನರು ಹುಡುಕಿದ. ಕಬ್ಬಿಣದ ಕಪಾಟಿನ ಮೇಲಿನ ಹಲಗೆಯಲ್ಲಿ ಪುಟ್ಟಿಯ ಹೊಸ ಬೂಟು ಇತ್ತು. ಕೊನೆಯ ಪಂದ್ಯಕ್ಕೆಂದು ಕಾಗದದಲ್ಲಿ ಸುತ್ತಿಟ್ಟು, ಇಲಿ ಕಚ್ಚದ ಹಾಗೆ ಮೇಲಿಡು ಮಾವ ಅಂತ ಅವಳೇ ಕೊಟ್ಟಿದ್ದಳು. ಅದರ ಮುಂದೆ ನಿಂತವನಿಗೆ ತನ್ನ ಮೇಲೆ ತನಗೇ ಅಸಹ್ಯವಾಯಿತು. ಸ್ಪ್ಯಾನರು ಇದ್ದಲ್ಲೇ ಇಟ್ಟು ಹೊರಗೆ ಬಂದ.

ಗುರುವಾರ ಸಂಜೆ ನಾಲ್ಕೂವರೆಗೆ ತಂಡ ಮೈದಾನಕ್ಕೆ ಬಂತು. ಪುಟ್ಟಿ ಅಭ್ಯಾಸದ ಬಟ್ಟೆ ಹಾಕಿರಲಿಲ್ಲ, ಕೈಯಲ್ಲಿ ಮಡಿಸಿದ ಜೆರ್ಸಿ ಇತ್ತು. ಅವಳು ಕೋಚ್ ಮೇಡಂ ಹತ್ತಿರ ಹೋಗುವ ಮೊದಲೇ ಸುಣ್ಣದಣ್ಣ ಅಡ್ಡ ಬಂದ.

"ಮೇಡಂ, ಒಂದ್ನಿಮಿಷ. ಎಲ್ಲರೂ ಬನ್ನಿ ಇಲ್ಲಿ."

ಅವನು ಯಾವತ್ತೂ ಎಲ್ಲರನ್ನೂ ಕರೆದವನಲ್ಲ. ಹಾಗಾಗಿ ಎಲ್ಲರೂ ಬಂದರು. ಟೇಪಿನ ತುದಿಯನ್ನು ಗೋಲ್‌ಕೀಪರ್ ಹುಡುಗಿಯ ಕೈಗೆ ಕೊಟ್ಟು ಗೆರೆಯ ಮೇಲೆ ಒತ್ತಿ ಹಿಡಿ ಅಂದ. ಚುಕ್ಕಿಯವರೆಗೆ ಎಳೆದು, ಕೋಚ್ ಮೇಡಂಗೆ ಓದಲು ಹೇಳಿದ.

ಮೇಡಂ ಬಗ್ಗಿ ಓದಿದರು. ಮತ್ತೆ ಓದಿದರು. "ಹತ್ತು" ಅಂದರು.

"ಹತ್ತೇ. ಕಂಬ ಮುಂದಕ್ಕೆ ತಂದಾಗ ಚುಕ್ಕಿ ಸರಿಸಲಿಲ್ಲ ನಾನು. ಹನ್ನೆರಡು ವರ್ಷ ಆಯ್ತು. ಇವಳು ಹೆದರಿಕೊಂಡು ತಪ್ಪಿಸಿದ್ದಲ್ಲ. ಯಾರೂ ಹೆದರಿಕೊಂಡು ತಪ್ಪಿಸಿದ್ದಲ್ಲ. ನಾನು ತಪ್ಪು ಕಲಿಸಿದ್ದೀನಿ ನಿಮಗೆಲ್ಲ."

ಅಗೆದ ಕಡೆ ಯಾರೋ ಸಲಿಕೆ ತೊಳೆಯುತ್ತಿದ್ದ ಸದ್ದು ಕೇಳುತ್ತಿತ್ತು. ಕೋಚ್ ಮೇಡಂ ಟೇಪು ಬಿಟ್ಟು ನೆಟ್ಟಗೆ ನಿಂತರು.

"ಒಂಬತ್ತು ವರ್ಷ ಅಣ್ಣ" ಅಂದರು. "ಒಂಬತ್ತು ವರ್ಷ ಆ ಒಂದು ಚೆಂಡು ನನ್ನ ನಿದ್ದೆ ಕೆಡಿಸಿದೆ. ನನ್ನ ಮನಸ್ಸು ಗಟ್ಟಿ ಇಲ್ಲ ಅಂತ ನಾನೇ ನಂಬಿದ್ದೆ. ಇವಳಿಗೂ ಅದನ್ನೇ ಕಲಿಸಿದೆ."

ಸುಣ್ಣದಣ್ಣ ತಲೆ ತಗ್ಗಿಸಿದ. ಟೇಪು ಸುತ್ತಿಕೊಳ್ಳತೊಡಗಿದ.

ಪುಟ್ಟಿ ಮಾತ್ರ ಅವನನ್ನೇ ನೋಡುತ್ತಿದ್ದಳು. "ನಿಂಗೆ ಯಾವತ್ತು ಗೊತ್ತಾಯ್ತು ಮಾವ?"

"ಸೋಮವಾರ."

ಅವಳು ಲೆಕ್ಕ ಹಾಕಿದಳು. ಹಾಕುವುದು ಅವನಿಗೆ ಕಾಣುತ್ತಿತ್ತು.

"ಮಂಗಳವಾರ ಊಟಕ್ಕೆ ನನ್ನೆದುರಿಗೇ ಕೂತಿದ್ದೆ" ಅಂದಳು. ಅಷ್ಟೇ. ಜೆರ್ಸಿಯನ್ನು ಎದೆಗೊತ್ತಿಕೊಂಡು ಬಟ್ಟೆ ಬದಲಾಯಿಸಲು ಹೊರಟುಹೋದಳು.

ಕೋಚ್ ಮೇಡಂ ಅವನ ಕೈಯಲ್ಲೇ ಹೊಸ ಚುಕ್ಕಿ ಹಾಕಿಸಿದರು, ಹನ್ನೊಂದಕ್ಕೆ. ಆ ಸಂಜೆ ಎಲ್ಲರೂ ಅಲ್ಲಿಂದ ಒದ್ದರು, ಮೊದಲ ಸುತ್ತಿನಲ್ಲಿ ಅರ್ಧಕ್ಕರ್ಧ ಚೆಂಡು ಗೋಡೆ ದಾಟಿ ರಸ್ತೆಗೆ ಬಿದ್ದವು. ಸುಣ್ಣದಣ್ಣ ಹೆಕ್ಕಿ ತಂದುಕೊಟ್ಟ. ಪುಟ್ಟಿ ಅವನ ಕೈಯಿಂದ ಚೆಂಡು ತೆಗೆದುಕೊಳ್ಳಲಿಲ್ಲ, ನೆಲದ ಮೇಲಿಡುವ ತನಕ ಕಾದು ಆಮೇಲೆ ತೆಗೆದುಕೊಂಡಳು.

"ಪ್ರಿನ್ಸಿಪಾಲರಿಗೆ ನಾನು ಹೇಳಲ್ಲ" ಅಂದಿದ್ದರು ಮೇಡಂ. "ನೀವೇ ಹೇಳಿ." ಶುಕ್ರವಾರ ಬೆಳಗ್ಗೆ ಹೋಗಿ ಹೇಳಿದ. ಬರೆದುಕೊಡು ಅಂದರು, ಬರೆದುಕೊಟ್ಟ. ಮಧ್ಯಾಹ್ನದ ಹೊತ್ತಿಗೆ ಕಾಲೇಜಿಗೆಲ್ಲ ಗೊತ್ತಾಗಿತ್ತು. ಗಣಿತದ ಮೇಷ್ಟ್ರು ಎದುರಿಗೆ ಸಿಕ್ಕು ಬೇರೆ ಕಡೆ ನೋಡಿಕೊಂಡು ಹೋದರು. ನೋಯಲಿಲ್ಲ ಅಂದರೆ ಸುಳ್ಳಾದೀತು. ಆದರೆ ಮನೆಯಲ್ಲಿ ಪುಟ್ಟಿಯ ಮೌನದ ಮುಂದೆ ಅದು ಲೆಕ್ಕಕ್ಕೇ ಬರಲಿಲ್ಲ. ಎರಡು ದಿನ ಅವಳು ಅತ್ತೆಯ ಜೊತೆ ಮಾತ್ರ ಮಾತಾಡಿದಳು.

ಶನಿವಾರ ಬಸ್ಸು ಎಂದಿನಂತೆ ಹೊರಟಿತು. ಪುಟ್ಟಿ ಮುಂದೆ ಕೂತಳು, ಅವನು ಹಿಂದೆ, ಚೆಂಡಿನ ಚೀಲದ ಪಕ್ಕ. ಸ್ಟೇಡಿಯಂ ತಲುಪಿದ ಕೂಡಲೇ ಮಾಲಿಯನ್ನು ಒಪ್ಪಿಸಿ ಎರಡೂ ಕಡೆಯ ಚುಕ್ಕಿ ಅಳೆದ. ಮಾಲಿ ಈ ಸಲ ಅತಿಥಿ ಅಂತ ತಮಾಷೆ ಮಾಡಲಿಲ್ಲ, ತುದಿ ಹಿಡಿದುಕೊಂಡು ನಿಂತ.

ಪಂದ್ಯ ಒಂದೊಂದು ಗೋಲಿಗೆ ಸಮನಾಗಿ ನಡೆಯುತ್ತಿತ್ತು. ಕೊನೆಯ ಹತ್ತು ನಿಮಿಷದಲ್ಲಿ ಎದುರು ತಂಡದ ಹುಡುಗಿಯ ಕೈಗೆ ಚೆಂಡು ತಾಗಿ ಪೆನಾಲ್ಟಿ ಸಿಕ್ಕಿತು, ಸುಣ್ಣದಣ್ಣ ಕೂತಿದ್ದ ಗೋಲಿಗೇ. ಆಟಗಾರ್ತಿಯರೆಲ್ಲ ಕೋಚ್ ಮೇಡಂ ಕಡೆ ನೋಡಿದರು. ಮೇಡಂ ಪುಟ್ಟಿಯ ಕಡೆ ಕೈ ತೋರಿಸಿದರು.

ಪುಟ್ಟಿ ಚೆಂಡು ತಂದು ಚುಕ್ಕಿಯ ಮೇಲಿಟ್ಟಳು. ಹಿಂದಕ್ಕೆ ಹೆಜ್ಜೆ ಇಡಬೇಕಾದವಳು ಅಲ್ಲೇ ನಿಂತು, ಗೋಲ್‌ಕೀಪರನ್ನು ದಾಟಿ, ಬಲೆಯನ್ನು ದಾಟಿ, ಕುರ್ಚಿಯಿಂದ ಎದ್ದು ನಿಂತಿದ್ದ ಸುಣ್ಣದಣ್ಣನನ್ನು ನೋಡಿದಳು.

"ಮಾವ, ಹನ್ನೊಂದು ಸರಿಯಾಗಿದೆಯಾ?"

ಸ್ಟೇಡಿಯಂ ಪೂರ್ತಿ ಕೇಳಿಸಿಕೊಂಡಿತು. ರೆಫ್ರಿ ಸೀಟಿಯನ್ನು ಬಾಯಿಯಿಂದ ತೆಗೆದ.

"ಸರಿಯಾಗಿದೆ ಪುಟ್ಟಿ. ಇವತ್ತು ಬೆಳಗ್ಗೆ ನಾನೇ ಅಳೆದಿದ್ದೀನಿ."

"ಹ್ಞೂಂ" ಅಂದಳು. ಹಿಂದಕ್ಕೆ ನಾಲ್ಕು ಹೆಜ್ಜೆ ಇಟ್ಟಳು. ಆಮೇಲೆ ಏನಾಯಿತು ಅಂತ ಸುಣ್ಣದಣ್ಣನಿಗೆ ಸರಿಯಾಗಿ ಕಾಣಲಿಲ್ಲ, ಕಣ್ಣು ತುಂಬಿ ಬಂದಿತ್ತು. ಬಲೆ ಉಬ್ಬಿ ಅವನ ಮೊಣಕಾಲಿಗೆ ಬಡಿದಾಗಲೇ ಚೆಂಡು ಒಳಗೆ ಬಂದದ್ದು ಗೊತ್ತಾದದ್ದು.